ಬೂತಾಯಿಯ ಜೀನೋಮ್: ಓದಿದ ಮೇಲೆ ಜೋಡಿಸುವುದೇಕೆ?

ಪ್ರಶ್ನೆ: ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಬೂತಾಯಿ ಮೀನಿನ ಜೀನೋಮನ್ನು ಓದಿ ಜೋಡಿಸಿದ್ದಾರೆಂದು ತಿಳಿಯಿತು. ಯಂತ್ರವೇ ಓದಿದ ಮೇಲೆ ಜೋಡಿಸುವುದೇನು ಉಳಿಯುತ್ತದೆ? ಹುಬ್ಬಳ್ಳಿಯ ಮಾರುಕಟ್ಟೆಗೆ ಕಾರವಾರದಿಂದ ಬರುವ ಮೀನನ್ನೇ ತಂದು ಕಾಲೇಜಿನಲ್ಲಿ ಈ ಕೆಲಸ ಮಾಡಲಾಗದೇ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಜೀನೋಮ್ ಎಂದರೆ ಜೀವಿಯ ಡಿಎನ್‌ಎಯ ಪೂರ್ತಿ ಬರಹ; ಡಿಎನ್‌ಎಯ ನಾಲ್ಕು ಬಗೆಯ ರಾಸಾಯನಿಕ ಘಟಕಗಳೇ ಅದರ ಅಕ್ಷರಗಳು. ಬೂತಾಯಿಯ ಜೀನೋಮ್ ಸುಮಾರು 107 ಕೋಟಿ ಅಕ್ಷರಗಳಷ್ಟು ಉದ್ದವಿದೆ, ಅಂದರೆ ಮನುಷ್ಯನದರ ಮೂರರಲ್ಲಿ ಒಂದು ಪಾಲು. ಅಷ್ಟನ್ನು ತುದಿಯಿಂದ ತುದಿಗೆ ಒಂದೇ ಸಲ ಓದುವ ಯಂತ್ರ ಇನ್ನೂ ಇಲ್ಲ. ಕೆಲವು ಯಂತ್ರಗಳು 150 ಅಕ್ಷರಗಳ ತುಣುಕುಗಳನ್ನು ಓದಿದರೆ, ಇನ್ನು ಕೆಲವು ಹತ್ತಿಪ್ಪತ್ತು ಸಾವಿರ ಅಕ್ಷರಗಳನ್ನು ಒಟ್ಟಿಗೆ ಓದುತ್ತವೆ.

ನಿಮ್ಮೂರಿನ ಕಸೂತಿಯನ್ನೇ ನೆನೆಯಿರಿ. ಒಂದೇ ಬಗೆಯ ಐವತ್ತು ಸೀರೆಗಳನ್ನು ಮನಬಂದಲ್ಲಿ ಹರಿದು ರಾಶಿ ಹಾಕಿದ್ದರೆ, ಒಂದು ತುಣುಕಿನ ಅಂಚಿನಲ್ಲಿರುವ ತೇರು ಮತ್ತೊಂದರಲ್ಲಿಯೂ ಕಂಡಾಗ ಎರಡನ್ನೂ ಹೊಂದಿಸಿ ಮುಂದುವರಿಯಬಹುದು. ಆದರೆ ಒಂದೇ ಗೋಪುರ ಮಾರುದ್ದಕ್ಕೂ ಮರಳಿ ಮರಳಿ ಬರುವಲ್ಲಿ ಚಿಕ್ಕ ತುಣುಕು ಎಲ್ಲಿಯದೆಂದು ಹೇಳಲಾಗದು. ಗೋಪುರದ ಸಾಲನ್ನು ದಾಟಿ ಆಚೆಯ ಆನೆಯನ್ನೂ ಈಚೆಯ ತುಳಸಿಕಟ್ಟೆಯನ್ನೂ ಒಳಗೊಂಡಷ್ಟು ಉದ್ದದ ತುಣುಕೇ ಬೇಕು. ಮೀನಿನ ಜೀನೋಮಿನಲ್ಲಿಯೂ ಇಂತಹ ಪುನರಾವರ್ತನೆಗಳು ಹೇರಳವಾಗಿವೆ.

ಇದಕ್ಕಿಂತ ಕಾಡುವ ತೊಡಕು ಇನ್ನೊಂದು. ತಾಯಿಯಿಂದ ಬಂದ ಜೀನೋಮಿನ ಪ್ರತಿಗೂ ತಂದೆಯಿಂದ ಬಂದ ಪ್ರತಿಗೂ ಕಡಲಿನ ಮೀನಿನಲ್ಲಿ ಸಾಕಷ್ಟು ವ್ಯತ್ಯಾಸವಿರಬಹುದಾದ್ದರಿಂದ, ಜೋಡಿಸುವ ತಂತ್ರಾಂಶವು ಒಂದೇ ಜಾಗವನ್ನು ಎರಡೆಂದು ತಿಳಿದು ಜೀನೋಮನ್ನು ಉಬ್ಬಿಸಿಬಿಡುತ್ತದೆ. ಹೀಗೆ ಇಮ್ಮಡಿಯಾದುದನ್ನು ಹುಡುಕಿ ತೆಗೆಯುವುದು ಬೇಸರದ ಕೆಲಸವಾದರೂ, ನನ್ನ ದೃಷ್ಟಿಯಲ್ಲಿ ಜೋಡಣೆಯ ಗುಣಮಟ್ಟ ತಿಳಿಯುವುದು ಅಲ್ಲಿಯೇ. ಕೊನೆಗೆ ದೊಡ್ಡ ತುಂಡುಗಳನ್ನು ಕ್ರೋಮೋಸೋಮುಗಳಾಗಿ (ಜೀವಕೋಶದಲ್ಲಿ ಡಿಎನ್‌ಎ ಇರುವ ಉದ್ದನೆಯ ಎಳೆಗಳು) ಸಾಲುಗೂಡಿಸಲು ಹೈ-ಸಿ ಎಂಬ ವಿಧಾನವಿದೆ: ಒಂದೇ ಕ್ರೋಮೋಸೋಮಿನಲ್ಲಿ ಹತ್ತಿರವಿರುವ ಭಾಗಗಳು ಜೀವಕೋಶದೊಳಗೆ ಹೆಚ್ಚು ಸಲ ಪರಸ್ಪರ ತಾಗುತ್ತವೆ ಎಂಬುದೇ ಅದರ ಆಧಾರ. ಹವಳದ ದಿಬ್ಬಗಳ ಕಿತ್ತಳೆ ಬಣ್ಣದ ಕ್ಲೌನ್ ಮೀನಿನ 24 ಕ್ರೋಮೋಸೋಮುಗಳನ್ನು 2018ರಲ್ಲಿ ಉದ್ದ ಓದು ಮತ್ತು ಹೈ-ಸಿ ಎರಡನ್ನೂ ಬಳಸಿಯೇ ಕಟ್ಟಲಾಯಿತು.

ಇನ್ನು ಮಾರುಕಟ್ಟೆಯ ಮೀನಿನ ಮಾತು. ಅರಬೈಲು ಘಟ್ಟ ಹತ್ತಿ ಮಂಜುಗಡ್ಡೆಯಲ್ಲಿ ಬಂದ ಬೂತಾಯಿ ಸಾರು ಮಾಡಲು ತಾಜಾ ಇರಬಹುದು, ಉದ್ದದ ಓದಿಗೆ ಅಲ್ಲ. ಮೀನು ಸತ್ತೊಡನೆ ಅದರ ಕಿಣ್ವಗಳೇ ಡಿಎನ್‌ಎಯನ್ನು ಕತ್ತರಿಸತೊಡಗುತ್ತವೆ, ನಮ್ಮ ಕರಾವಳಿಯ ಸೆಕೆಯಲ್ಲಿ ಇನ್ನೂ ಬೇಗ. ಆದ್ದರಿಂದ ಸಂಶೋಧಕರು ಮೀನು ಕೈಗೆ ಬಂದಾಗಲೇ ರಕ್ತ ಅಥವಾ ಸ್ನಾಯುವನ್ನು ದ್ರವ ಸಾರಜನಕದಲ್ಲಿ ಮುಳುಗಿಸುತ್ತಾರೆ. ಆದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯದಲ್ಲಿರುವ, ಜಾತಿಯನ್ನು ಗುರುತಿಸಲು ನೆರವಾಗುವ ಸಿಒಐ ಎಂಬ ಜೀನಿನ ಸುಮಾರು 650 ಅಕ್ಷರಗಳ ತುಣುಕು ಮಾರುಕಟ್ಟೆಯ ಮೀನಿನಲ್ಲಿಯೂ ಸಾಮಾನ್ಯವಾಗಿ ಉಳಿದಿರುತ್ತದೆ. ಡಿಎನ್‌ಎ ತುಣುಕಿನ ಅನೇಕ ಪ್ರತಿಗಳನ್ನು ಮಾಡುವ ಪಿಸಿಆರ್ ಯಂತ್ರವಿರುವ ಕಾಲೇಜು ಅದನ್ನು ವರ್ಧಿಸಿ, ಹೊರಗಿನ ಪ್ರಯೋಗಾಲಯದಲ್ಲಿ ಓದಿಸಿ, ನೀವು ಕೊಂಡದ್ದು ಬೂತಾಯಿಯೋ ಅದರ ಹತ್ತಿರದ ಸಂಬಂಧಿಯೋ ಎಂಬುದನ್ನು ತಿಳಿಯಬಹುದು.