ಓದುಗರು ಕೇಳಿದ್ದು: ಇರುವ ಹಣದಲ್ಲಿ ಯಾವ ದೊಡ್ಡ ಫೋಟೋ ಪ್ರಿಂಟರ್?

ದೊಡ್ಡ ಅಳತೆಯ ಫೋಟೋ ಪ್ರಿಂಟರ್ ಕೊಳ್ಳುವ ಬಗ್ಗೆ ಬಂದ ಪತ್ರಗಳಲ್ಲಿ ಒಂದೇ ಬಗೆಯವನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಭಾವಚಿತ್ರ, ನಿಸರ್ಗದ ಚಿತ್ರಗಳನ್ನು ಮುದ್ರಿಸಿ ಮಾರುತ್ತೇನೆ. ಹೆಚ್ಚಿನ ಬೇಡಿಕೆ ಎ3, ಎ2 ಅಳತೆಗೆ. ತಿಂಗಳಿಗೆ ಒಂದೆರಡು ಸಲ 24×36 ಇಂಚಿನದನ್ನು ಕೇಳುತ್ತಾರೆ. ನನ್ನ ದುಡ್ಡಿಗೆ 17 ಇಂಚು ಅಗಲದವರೆಗಿನ ಕಾಗದ ಹಿಡಿಯುವ ಹೊಸ ಪ್ರಿಂಟರ್ ಬರುತ್ತದೆ, ಇಲ್ಲವೇ ಯಾರೋ ಬಳಸಿದ 44 ಇಂಚಿನದು. ಯಾವುದನ್ನು ತೆಗೆದುಕೊಳ್ಳಲಿ?

ಉತ್ತರ: 17 ಇಂಚಿನದನ್ನು. ಎ2 ಹಾಳೆಯ ಅಗಲ 16.5 ಇಂಚು, ಹಾಗಾಗಿ ನಿಮ್ಮ ದಿನನಿತ್ಯದ ಕೆಲಸವೆಲ್ಲ ಅದರಲ್ಲೇ ಮುಗಿಯುತ್ತದೆ. ತಿಂಗಳಿಗೆ ಬರುವ ಒಂದೆರಡು ದೊಡ್ಡ ಚಿತ್ರಗಳನ್ನು ಒಳ್ಳೆಯ ಲ್ಯಾಬ್‌ಗೆ ಕೊಟ್ಟು ಮಾಡಿಸಿ. ಆ ಎರಡು ಚಿತ್ರಗಳಿಗಾಗಿ 44 ಇಂಚಿನ ಯಂತ್ರ ಸಾಕುವುದು ಬೇಡ. ಇಂಕ್‌ಜೆಟ್ ಪ್ರಿಂಟರ್ ಕೆಲಸ ಮಾಡಿ ಸವೆಯುವುದಕ್ಕಿಂತ ಸುಮ್ಮನೆ ಕೂತು ಕೆಡುವುದೇ ಹೆಚ್ಚು. ಕೆಲಸವಿಲ್ಲದ ದಿನಗಳಲ್ಲೂ ಅದು ಶಾಯಿ ಚಿಮ್ಮಿಸುವ ಭಾಗವಾದ ಹೆಡ್ ತೊಳೆಯಲು ಶಾಯಿ ಸುರಿಯುತ್ತಲೇ ಇರುತ್ತದೆ. ಹೆಡ್ ದೊಡ್ಡದಾದಷ್ಟೂ ಒಂದೊಂದು ತೊಳೆತಕ್ಕೂ ಹೆಚ್ಚು ಶಾಯಿ ಹೋಗುತ್ತದೆ.

ಹೊಸ 17 ಇಂಚಿನವುಗಳಲ್ಲಿ ಎರಡನ್ನು ಹೋಲಿಸಿ ನೋಡಿ. ಎಪ್ಸನ್ ಶ್ಯೂರ್‌ಕಲರ್ ಪಿ900ರಲ್ಲಿ 10 ಬಣ್ಣ, 50 ಮಿಲಿಲೀಟರ್ ಕಾರ್ಟ್ರಿಜ್. ತೂಕ 15 ಕಿಲೋ ಆಸುಪಾಸು, ಒಬ್ಬರೇ ಎತ್ತಿಡಬಹುದು. ರೋಲ್ (ಉದ್ದ ಕಾಗದದ ಸುರುಳಿ) ಹಾಕುವ ಭಾಗವನ್ನು ಬೇರೆಯಾಗಿ ಕೊಳ್ಳಬೇಕು. ಕ್ಯಾನನ್ ಇಮೇಜ್‌ಪ್ರೋಗ್ರಾಫ್ ಪ್ರೋ-1000ರಲ್ಲಿ 12 ಕಾರ್ಟ್ರಿಜ್, ಒಂದೊಂದೂ 80 ಮಿಲಿಲೀಟರ್. ಆ 12ರಲ್ಲಿ ಒಂದು ಬಣ್ಣವಲ್ಲ, ಹೊಳಪು ಕಾಗದದ ಮೇಲೆ ಹೊಳಪನ್ನು ಸಮ ಮಾಡುವ ಪಾರದರ್ಶಕ ದ್ರವ. ಈ ಯಂತ್ರದ ತೂಕ 32 ಕಿಲೋ ಇದೆ, ಹಗುರ ಮೇಜು ತಡೆಯುವುದಿಲ್ಲ. ಇದಕ್ಕೆ ರೋಲ್ ಸೌಲಭ್ಯವೇ ಇಲ್ಲ. ಅಗಲವಾದ ಪನೋರಮಾ ಚಿತ್ರಗಳು ನಿಮ್ಮ ಕೆಲಸದಲ್ಲಿದ್ದರೆ ಪಿ900. ಹೊಳಪು ಕಾಗದದಲ್ಲಿ ಎ2 ಹಾಳೆಗಳೇ ಹೆಚ್ಚಾಗಿದ್ದರೆ ಪ್ರೋ-1000.

20×30, 24×36 ಅಳತೆಯವು ವಾರವಾರವೂ ಬರತೊಡಗಿದ ಮೇಲೆ 24 ಇಂಚಿನದರ ಯೋಚನೆ ಮಾಡಿ. ಆಗಲೂ ಮೊದಲು ಜಾಗ ನೋಡಿಕೊಳ್ಳಿ. 24 ಇಂಚಿನ ಯಂತ್ರ ಸ್ಟ್ಯಾಂಡ್ ಸಮೇತ 100 ಕಿಲೋ ದಾಟುವುದುಂಟು, ಅಗಲ ಒಂದು ಮೀಟರಿಗೂ ಹೆಚ್ಚು. ಮೆಟ್ಟಿಲಿನ ತಿರುವು, ಬಾಗಿಲಿನ ಅಗಲ ಅಳೆಯದೆ ಮುಂಗಡ ಕೊಡಬೇಡಿ.

ಪ್ರಶ್ನೆ: ಒಂದು ಚಿತ್ರಕ್ಕೆ ನಿಜವಾಗಿ ಎಷ್ಟು ಖರ್ಚು ಬೀಳುತ್ತದೆಂದು ಲೆಕ್ಕ ಹಾಕುವುದು ಹೇಗೆ? ಕಂಪನಿಯ ಅಂಕಿಗೂ ನನ್ನ ಅನುಭವಕ್ಕೂ ತಾಳೆಯಾಗುವುದಿಲ್ಲ.

ಉತ್ತರ: ತಾಳೆಯಾಗದಿರುವುದು ಸಹಜ. ಕಂಪನಿಯವರು ಲೆಕ್ಕ ಹಾಕುವುದು ಕಾಗದದ ಮೇಲೆ ಬಿದ್ದ ಶಾಯಿಯನ್ನು ಮಾತ್ರ. ತೊಳೆಯಲು ಹೋದದ್ದು, ಕೆಟ್ಟುಹೋದ ಹಾಳೆ, ಪರೀಕ್ಷೆಗೆ ತೆಗೆದ ತುಣುಕು ಆ ಲೆಕ್ಕದಲ್ಲಿ ಇರುವುದಿಲ್ಲ.

ಪೂರ್ತಿ ತುಂಬಿದ ಬಣ್ಣದ ಚಿತ್ರಕ್ಕೆ ಚದರ ಮೀಟರಿಗೆ ಸುಮಾರು 12ರಿಂದ 15 ಮಿಲಿಲೀಟರ್ ಶಾಯಿ ಎಂದು ಹಿಡಿಯಿರಿ. ಎ2 ಹಾಳೆ ಚದರ ಮೀಟರಿನ ಕಾಲು ಭಾಗ. ಅಂದರೆ ಕಾಗದದ ಮೇಲೆ ಬೀಳುವುದು 3ರಿಂದ 4 ಮಿಲಿಲೀಟರ್. ಕಡುಗಪ್ಪು ಹಿನ್ನೆಲೆಯ ಚಿತ್ರವಾದರೆ ಇನ್ನಷ್ಟು, ಮಂಜಿನ ಬೆಳಗಿನ ಚಿತ್ರವಾದರೆ ಕಡಿಮೆ.

ಉಳಿದದ್ದನ್ನು ತಿಳಿಯಲು ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಸಾಕು. ತೊಳೆದ ಶಾಯಿ ಹೋಗಿ ಸೇರುವ ಮೆಂಟೆನೆನ್ಸ್ ಬಾಕ್ಸನ್ನು ಹೊಸದಿದ್ದಾಗಲೇ ತೂಗಿ, ಅದರ ಬೆನ್ನಿಗೆ ಪೆನ್ನಿನಲ್ಲಿ ಬರೆದಿಡಿ. ತಿಂಗಳ ಕೊನೆಗೆ ಮತ್ತೆ ತೂಗಿ. ಶಾಯಿಯ ಒಂದು ಮಿಲಿಲೀಟರ್ ಒಂದು ಗ್ರಾಮಿಗಿಂತ ತುಸು ಹೆಚ್ಚು ತೂಗುತ್ತದೆ, ಆದ್ದರಿಂದ ಹೆಚ್ಚಾದ ಗ್ರಾಮೇ ಹೆಚ್ಚೂಕಡಿಮೆ ವ್ಯರ್ಥವಾದ ಶಾಯಿ. ನೀರಿನಂಶ ಆರಿಹೋಗುವುದರಿಂದ ನಿಜವಾದ ನಷ್ಟ ಆ ಅಂಕಿಗಿಂತ ಹೆಚ್ಚೇ ಇರುತ್ತದೆ, ಕಡಿಮೆಯಂತೂ ಅಲ್ಲ. ಅದನ್ನು ಆ ತಿಂಗಳು ಮಾರಿದ ಚಿತ್ರಗಳಿಗೆ ಹಂಚಿ. ತಿಂಗಳಿಗೆ 60 ಚಿತ್ರ ತೆಗೆಯುವವರಿಗೆ ಈ ಪಾಲು ಚಿಕ್ಕದು. ತಿಂಗಳಿಗೆ 6 ತೆಗೆಯುವವರಿಗೆ ಕಾಗದದ ಮೇಲಿನ ಶಾಯಿಗಿಂತ ಇದೇ ದೊಡ್ಡದಾಗಬಹುದು.

ಇನ್ನೊಂದು ಮಾತು. ಪ್ರಿಂಟರ್ ಜೊತೆ ಬಂದ ಮೊದಲ ಸೆಟ್ ಕಾರ್ಟ್ರಿಜ್‌ಗಳನ್ನು ‘ಪುಕ್ಕಟೆ ಶಾಯಿ’ ಎಂದು ಎಣಿಸಬೇಡಿ. ಅದರಲ್ಲಿ ಒಳ್ಳೆಯ ಪಾಲು ಒಳಗಿನ ಕೊಳವೆಗಳನ್ನು ತುಂಬಲು ಹೋಗುತ್ತದೆ. ಯಂತ್ರ ಹೂಡಿದ ದಿನವೇ ಕಾರ್ಟ್ರಿಜ್ ಅರ್ಧಕ್ಕೆ ಇಳಿದಂತೆ ತೋರಿದರೆ ಗಾಬರಿಯಾಗಬೇಡಿ, ಸೋರಿಕೆಯೇನಲ್ಲ. ಕೊಳ್ಳುವ ಬಜೆಟ್ಟಿನಲ್ಲಿ ಪೂರ್ತಿ ಎರಡನೇ ಸೆಟ್, ಒಂದು ಹೆಚ್ಚಿನ ಮೆಂಟೆನೆನ್ಸ್ ಬಾಕ್ಸ್ ಸೇರಿಸಿಯೇ ಒಟ್ಟು ಹಾಕಿ. ಆ ಮೊತ್ತ ಕೈ ಮೀರಿದರೆ ಆ ಯಂತ್ರ ನಿಮ್ಮ ಬಜೆಟ್ಟಿನದ್ದಲ್ಲ.

ಕಾರ್ಟ್ರಿಜ್ ದೊಡ್ಡದಾದಷ್ಟೂ ಮಿಲಿಲೀಟರಿನ ಬೆಲೆ ಇಳಿಯುತ್ತದೆ. ಕ್ಯಾನನ್ ಪ್ರೋ-2100ರಂಥ 24 ಇಂಚಿನ ಯಂತ್ರಗಳಿಗೆ 160, 330, 700 ಮಿಲಿಲೀಟರಿನವು ಸಿಗುತ್ತವೆ. 700ರದ್ದರಲ್ಲಿ ಮಿಲಿಲೀಟರಿನ ದರ ಚಿಕ್ಕ ಪ್ರಿಂಟರಿನ ದರದ ಅರ್ಧದ ಆಸುಪಾಸಿಗೆ ಇಳಿಯುವುದುಂಟು. ದೊಡ್ಡ ಯಂತ್ರ ಲಾಭ ಕೊಡುವುದು ಇಲ್ಲೇ, ಅದೂ ದಿನಾ ಓಡಿದರೆ. ಅವಧಿ ಮೀರುವಷ್ಟರಲ್ಲಿ ಮುಗಿಸಲಾಗದ 700 ಮಿಲಿಲೀಟರ್ ಕೊಂಡರೆ ಉಳಿತಾಯವೆಲ್ಲ ತೊಳೆದುಹೋಗುತ್ತದೆ.

ಪ್ರಶ್ನೆ: ಬಳಸಿದ 24 ಇಂಚಿನ ಪ್ರಿಂಟರ್ ಒಂದು ಕಡಿಮೆ ಬೆಲೆಗೆ ಸಿಗುತ್ತಿದೆ. ನೋಡಲು ಹೋದಾಗ ಏನೇನು ಪರೀಕ್ಷಿಸಬೇಕು?

ಉತ್ತರ: ಬರಿಗೈಲಿ ಹೋಗಬೇಡಿ. ನಿಮ್ಮದೇ ಕಾಗದ ಮತ್ತು ಒಂದು ಪರೀಕ್ಷಾ ಫೈಲ್ ಒಯ್ಯಿರಿ. ಅದರಲ್ಲಿ ಬಿಳಿಯಿಂದ ಕಪ್ಪಿನವರೆಗೆ ಬೂದು ಪಟ್ಟಿ, ಪ್ರತಿ ಬಣ್ಣದ ತುಂಬು ಚೌಕ, ಒಂದು ಮುಖ ಇರಲಿ. ಮೊದಲು ಕೇಳಬೇಕಾದದ್ದು ‘ಕೊನೆಯ ಪ್ರಿಂಟ್ ತೆಗೆದದ್ದು ಯಾವಾಗ?’ ಎಂದು. ಆರು ತಿಂಗಳು ಆರಿಸಿಟ್ಟ ಯಂತ್ರವಾದರೆ ಎಷ್ಟೇ ಅಗ್ಗವಿದ್ದರೂ ಕೈಬಿಡಿ.

ನಂತರ ನಾಜಲ್ ಚೆಕ್, ಅಂದರೆ ಹೆಡ್ಡಿನಲ್ಲಿ ಶಾಯಿ ಚಿಮ್ಮುವ ಸಣ್ಣ ತೂತುಗಳ ಪರೀಕ್ಷೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಸಣ್ಣ ಗೆರೆಗಳು ಪ್ರತಿ ಬಣ್ಣಕ್ಕೂ ಬರುತ್ತವೆ. ಹಳದಿಯ ಗೆರೆ ಬರಿಗಣ್ಣಿಗೆ ಕಾಣಿಸುವುದೇ ಕಷ್ಟ, ನೀಲಿ ಬೆಳಕಿನ ಚಿಕ್ಕ ಟಾರ್ಚ್ ಹಿಡಿದರೆ ಹಳದಿ ಕಪ್ಪಾಗಿ ಎದ್ದು ಕಾಣುತ್ತದೆ. ಅಲ್ಲಲ್ಲಿ ಮೆಟ್ಟಿಲು ತಪ್ಪಿದ್ದರೆ ಒಂದೇ ಒಂದು ಸಲ ತೊಳೆಸಿ, ಮತ್ತೆ ಚೆಕ್ ತೆಗೆದು ಎರಡು ಹಾಳೆಗಳನ್ನು ಪಕ್ಕಪಕ್ಕ ಇಡಿ. ಮುಚ್ಚಿಕೊಂಡರೆ ಮಾಮೂಲು ಕಟ್ಟಿಕೊಳ್ಳುವಿಕೆ. ಅದೇ ಜಾಗದಲ್ಲಿ ಅದೇ ಮೆಟ್ಟಿಲು ತಪ್ಪಿದ್ದರೆ ಆ ನಾಜಲ್ ಗಟ್ಟಿಯಾಗಿ ಕಟ್ಟಿಕೊಂಡಿದೆ ಅಥವಾ ಸತ್ತಿದೆ. ಪ್ರತಿಸಲವೂ ಬೇರೆ ಬೇರೆ ಜಾಗದಲ್ಲಿ ತಪ್ಪುತ್ತಿದ್ದರೆ ತೊಂದರೆ ಹೆಡ್ಡಿನದಲ್ಲ. ಶಾಯಿಯ ದಾರಿಗೆ ಗಾಳಿ ಸೇರುತ್ತಿದೆ, ಅಂದರೆ ಡ್ಯಾಂಪರ್ (ಹೆಡ್ಡಿಗೆ ಹೋಗುವ ಶಾಯಿಯ ಒತ್ತಡ ಸಮ ಮಾಡುವ ಭಾಗ), ಪಂಪ್ ಅಥವಾ ಹೆಡ್ ಕೂರುವ ಕ್ಯಾಪ್ ಹಳತಾಗಿದೆ. ಇದು ರಿಪೇರಿಯಾಗುವಂಥದ್ದು, ಬೆಲೆ ಇಳಿಸಿ ಕೇಳಬಹುದು.

ಹೆಡ್ ಯಾವ ಬಗೆಯದೆಂದು ತಿಳಿದಿರಬೇಕು. ಎಪ್ಸನ್‌ನದು ಪೀಜೋ ಹೆಡ್, ವಿದ್ಯುತ್ತಿಗೆ ಬಾಗುವ ಹರಳಿನಿಂದ ಶಾಯಿಯನ್ನು ತಳ್ಳುವಂಥದ್ದು. ಬಹುಕಾಲ ಬಾಳುತ್ತದೆ, ಆದರೆ ಹೋದರೆ ತಂತ್ರಜ್ಞರೇ ಬಂದು ಬದಲಿಸಬೇಕು. ಆ ಖರ್ಚಿಗೆ ಇನ್ನೊಂದು ಹಳೆಯ ಯಂತ್ರವೇ ಬಂದೀತು. ಕ್ಯಾನನ್, ಎಚ್‌ಪಿಯವು ಥರ್ಮಲ್ ಹೆಡ್. ಶಾಯಿಯನ್ನು ಕಾಯಿಸಿ ಚಿಮ್ಮಿಸುವುದರಿಂದ ಸವೆಯುವುದು ಅವುಗಳ ಗುಣ, ಆದರೆ ಬಳಸುವವರೇ ಬದಲಿಸಿಕೊಳ್ಳಬಹುದು. ಕ್ಯಾನನ್‌ನಲ್ಲಿ ಕೆಲವು ನಾಜಲ್ ಸತ್ತರೂ ಪಕ್ಕದವು ಆ ಕೆಲಸ ಮಾಡುತ್ತವೆ. ಹಾಗಾಗಿ ಚಿತ್ರ ಚೆನ್ನಾಗಿ ಬಂದಿತೆಂದು ಹೆಡ್ ಹೊಸದರಂತಿದೆ ಎಂದುಕೊಳ್ಳಬೇಡಿ. ಯಂತ್ರದ ಮೆನುವಿನಿಂದ ಸ್ಟೇಟಸ್ ಹಾಳೆ ತೆಗೆಸಿ ಎಷ್ಟು ಓಡಿದೆಯೆಂದು ನೋಡಿ.

ಮುಚ್ಚಳ ತೆರೆದು ಹೆಡ್ಡನ್ನು ಎಳೆಯುವ ಬೆಲ್ಟನ್ನು ಟಾರ್ಚ್ ಹಾಕಿ ನೋಡಿ. ಹಳೆಯ ರಬ್ಬರು ಬಿರುಕು ಬಿಟ್ಟು ಕಪ್ಪು ಪುಡಿ ಉದುರಿಸುತ್ತಿದ್ದರೆ ಇನ್ನು ಹೆಚ್ಚು ದಿನವಿಲ್ಲ. ಕಾರ್ಟ್ರಿಜ್‌ಗಳು ಈಗಲೂ ತಯಾರಾಗುತ್ತಿವೆಯೇ, ನಿಮ್ಮ ಕಂಪ್ಯೂಟರಿನ ಈಗಿನ ಆಪರೇಟಿಂಗ್ ಸಿಸ್ಟಮ್‌ಗೆ ಡ್ರೈವರ್ ಇದೆಯೇ ಎಂಬುದನ್ನು ಹೊರಡುವ ಮೊದಲೇ ನೋಡಿಕೊಂಡು ಹೋಗಿ. ಸಾಗಿಸುವಾಗ ಯಂತ್ರವನ್ನು ಓರೆಯಾಗಿಸಬಾರದು, ಕೊಳವೆಯಲ್ಲಿನ ಶಾಯಿ ಎಲೆಕ್ಟ್ರಾನಿಕ್ ಬೋರ್ಡಿನ ಮೇಲೆ ಇಳಿದರೆ ಅಲ್ಲಿಗೆ ಮುಗಿಯಿತು. ಸಾಗಿಸಲು ಸಿದ್ಧಗೊಳಿಸುವ ಆಯ್ಕೆ ಮೆನುವಿನಲ್ಲಿದ್ದರೆ ಅದನ್ನು ಬಳಸಿ, ಹೆಡ್ ಲಾಕ್ ಆದ ಮೇಲೆಯೇ ಎತ್ತಿ.

ಪ್ರಶ್ನೆ: ಬೋರ್ಡು, ಬ್ಯಾನರ್ ಮಾಡುವ ಇಕೋ ಸಾಲ್ವೆಂಟ್ (ನೀರಿನ ಬದಲು ದ್ರಾವಕದ ಶಾಯಿ ಬಳಸುವ) ಯಂತ್ರವೊಂದು ಅಗ್ಗಕ್ಕಿದೆ. ಫೋಟೋಗೂ ಆಗುವುದಿಲ್ಲವೇ?

ಉತ್ತರ: ವಿನೈಲ್, ಬ್ಯಾನರ್ ಬಟ್ಟೆಗೆ ಅದು ಸರಿ, ಕ್ಯಾನ್ವಾಸಿಗೂ ನಡೆದೀತು. ಹತ್ತಿಯ ಮ್ಯಾಟ್ ಕಾಗದ, ಬರೈಟಾ (ಬೇರಿಯಂ ಸಲ್ಫೇಟ್ ಪದರವಿರುವ) ಕಾಗದಗಳ ಲೇಪನ ನೀರಿನ ಶಾಯಿಗೆಂದೇ ಮಾಡಿದ್ದು. ಕೈಯಲ್ಲಿ ಹಿಡಿದು ನೋಡುವ ಚಿತ್ರಕ್ಕೆ ಇಕೋ ಸಾಲ್ವೆಂಟ್ ಬೇಡ. ಆ ವಾಸನೆಗೆ ಗಾಳಿಯಾಡುವ ಬೇರೆ ಕೋಣೆಯೂ ಬೇಕು.

ಪ್ರಶ್ನೆ: ನನ್ನದು 24 ಮೆಗಾಪಿಕ್ಸೆಲ್ ಕ್ಯಾಮೆರಾ. 36 ಇಂಚಿಗೆ ಹಿಗ್ಗಿಸಿದರೆ ಒಡೆದು ಕಾಣುವುದಿಲ್ಲವೇ?

ಉತ್ತರ: 6000 ಪಿಕ್ಸೆಲನ್ನು 36 ಇಂಚಿಗೆ ಹಂಚಿದರೆ ಇಂಚಿಗೆ ಸುಮಾರು 167. ಗೋಡೆಯ ಮೇಲಿಟ್ಟು ಒಂದೂವರೆ ಮೀಟರ್ ದೂರದಿಂದ ನೋಡುವ ಚಿತ್ರಕ್ಕೆ ಧಾರಾಳವಾಯಿತು. ಫೋಕಸ್ ತಪ್ಪಿದ್ದನ್ನು ಮಾತ್ರ ಯಾವ ಪ್ರಿಂಟರೂ ಮುಚ್ಚುವುದಿಲ್ಲ.

ಪ್ರಶ್ನೆ: ಬೇರೆ ಕಂಪನಿಯ ಅಗ್ಗದ ಶಾಯಿ ಹಾಕಿದರೆ ಉಳಿತಾಯವಾಗುತ್ತದೆ ಎನ್ನುತ್ತಾರೆ. ಹಾಕಬಹುದೇ?

ಉತ್ತರ: ಚಿತ್ರವನ್ನು ಮಾರುವವರು ಹಾಕಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಪಿಗ್ಮೆಂಟ್ ಶಾಯಿ ಎಂದರೆ ದ್ರವದಲ್ಲಿ ತೇಲುವ ಬಣ್ಣದ ಕಣಗಳು. ಕಣದ ಗಾತ್ರ ಸಮವಿಲ್ಲದಿದ್ದರೆ ತಳದಲ್ಲಿ ಕೂರುತ್ತವೆ, ನಾಜಲ್ ಕಟ್ಟುತ್ತವೆ. ಕಾಗದದ ತಯಾರಕರು ಕೊಡುವ, ಬಣ್ಣ ಸರಿಯಾಗಿ ಬರಲು ನೆರವಾಗುವ ಫೈಲುಗಳಾದ ಪ್ರೊಫೈಲ್‌ಗಳು ಮೂಲ ಶಾಯಿಗೆ ಮಾಡಿದವು, ಅವೆಲ್ಲ ಕೆಲಸಕ್ಕೆ ಬಾರದಾಗುತ್ತವೆ. ಪ್ರತಿ ಕಾಗದಕ್ಕೂ ಹೊಸದಾಗಿ ಪ್ರೊಫೈಲ್ ಮಾಡಿಸಬೇಕು, ಮುಂದಿನ ಬಾಟಲಿಯ ಬಣ್ಣ ಬೇರೆಯಿದ್ದರೆ ಮತ್ತೆ ಮಾಡಿಸಬೇಕು. ಆ ಚಿತ್ರ ಎಷ್ಟು ವರ್ಷ ಮಾಸದೆ ಇರುತ್ತದೆಂದು ಕೊಂಡವರು ಕೇಳಿದರೆ ನಿಮ್ಮ ಹತ್ತಿರ ಉತ್ತರವಿರುವುದಿಲ್ಲ. ಉಳಿಸಲೇಬೇಕಿದ್ದರೆ ಕಾಗದದ ಬಗೆಗಳನ್ನು ಕಡಿಮೆ ಮಾಡಿ. ಒಂದು ಮ್ಯಾಟ್, ಒಂದು ಅರೆಹೊಳಪು ಇಷ್ಟನ್ನೇ ಇಟ್ಟುಕೊಂಡು ಚೆನ್ನಾಗಿ ಕಲಿತರೆ ಹಾಳಾಗುವ ಹಾಳೆಗಳೇ ನಿಂತುಹೋಗುತ್ತವೆ.

ಹಳೆಯ ಎಪ್ಸನ್ ಪಿ800ರಂಥ ಯಂತ್ರ ನಿಮ್ಮಲ್ಲಿದ್ದರೆ ಇನ್ನೊಂದು ದಾರಿಯಿದೆ. ಅದರಲ್ಲಿ ಮ್ಯಾಟ್ ಕಪ್ಪು, ಫೋಟೋ ಕಪ್ಪು ಎರಡಕ್ಕೂ ಒಂದೇ ದಾರಿ. ಬದಲಿಸಿದಾಗಲೆಲ್ಲ ಶಾಯಿ ಹೊರಗೆ ಹೋಗುತ್ತದೆ. ಮ್ಯಾಟ್ ಕೆಲಸವನ್ನೆಲ್ಲ ಒಂದು ದಿನಕ್ಕೆ ಕೂಡಿಟ್ಟುಕೊಂಡು ಮಾಡಿ. ಪಿ900, ಪ್ರೋ-1000ರಲ್ಲಿ ಎರಡಕ್ಕೂ ಬೇರೆ ಬೇರೆ ನಾಜಲ್ ಇರುವುದರಿಂದ ಈ ತಾಪತ್ರಯವಿಲ್ಲ.

ಪ್ರಶ್ನೆ: ತೆರೆಯ ಮೇಲೆ ಚೆನ್ನಾಗಿ ಕಾಣುವ ಚಿತ್ರ ಕಾಗದದ ಮೇಲೆ ಮಂಕಾಗಿ ಬರುತ್ತದೆ. ಪ್ರಿಂಟರ್ ಬದಲಿಸಬೇಕೇ?

ಉತ್ತರ: ಬೇಡ, ಮಾನಿಟರಿನ ಬೆಳಕು ಇಳಿಸಿ. ಅಂಗಡಿಯಿಂದ ಬಂದ ಮಾನಿಟರ್ ಅತಿ ಪ್ರಖರವಾಗಿರುತ್ತದೆ. ಅಳೆಯುವ ಉಪಕರಣದಿಂದ ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ಮಟ್ಟಕ್ಕೆ ತನ್ನಿ. ಮಂಕಾಗಿರುವುದಷ್ಟೇ ಅಲ್ಲದೆ ಬಣ್ಣವೂ ಕೆಂಪಿಗೋ ಹಸಿರಿಗೋ ತಿರುಗಿದ್ದರೆ ಪ್ರೊಫೈಲ್ ಎರಡು ಸಲ ಹತ್ತಿರಬಹುದು: ಒಮ್ಮೆ ಫೋಟೋ ತಂತ್ರಾಂಶದಲ್ಲಿ, ಇನ್ನೊಮ್ಮೆ ಡ್ರೈವರಿನಲ್ಲಿ. ತಂತ್ರಾಂಶದಲ್ಲಿ ಪ್ರೊಫೈಲ್ ಆರಿಸಿದರೆ ಡ್ರೈವರಿನಲ್ಲಿ ಬಣ್ಣ ನಿರ್ವಹಣೆಯನ್ನು ಆಫ್ ಮಾಡಲೇಬೇಕು. ಕಾಗದದ ಬಗೆ ತಪ್ಪಾಗಿ ಆರಿಸಿದರೂ ಶಾಯಿಯ ಪ್ರಮಾಣವೇ ಬದಲಾಗಿ ಇದೇ ಗತಿ.

ಪ್ರಶ್ನೆ: ಒಂದು ತಿಂಗಳು ಪ್ರಿಂಟರ್ ಮುಟ್ಟಲಾಗುವುದಿಲ್ಲ. ಹೇಗೆ ಬಿಟ್ಟುಹೋಗಲಿ?

ಉತ್ತರ: ಯಂತ್ರದ ಸ್ವಂತ ಬಟನ್ನಿನಿಂದಲೇ ಆಫ್ ಮಾಡಿ. ಆಗ ಹೆಡ್ ತನ್ನ ಮೂಲೆಗೆ ಹೋಗಿ ಕ್ಯಾಪಿನ ಮೇಲೆ ಕೂರುತ್ತದೆ. ನಡುವೆಯೇ ಗೋಡೆಯ ಸ್ವಿಚ್ ಆರಿಸಿದರೆ ಹೆಡ್ ತೆರೆದ ಗಾಳಿಯಲ್ಲಿ ಉಳಿದು ಒಣಗುತ್ತದೆ. ಕೋಣೆಯ ತೇವಾಂಶ ಶೇಕಡಾ 40ರಿಂದ 60 ಇರುವಂತೆ ನೋಡಿಕೊಳ್ಳಿ, ಮೇಲೆ ಬಟ್ಟೆ ಹೊದಿಸಿ, ರೋಲನ್ನು ತೆಗೆದು ಅದರ ಚೀಲಕ್ಕೆ ಹಾಕಿಡಿ. ವಾರಕ್ಕೊಮ್ಮೆ ಎಲ್ಲ ಬಣ್ಣಗಳಿರುವ ಒಂದು ಎ4 ಹಾಳೆ ತೆಗೆಯಲು ಯಾರಾದರೂ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ.

ಮರಳಿ ಬಂದ ಮೇಲೆ ಮೊದಲು ನಾಜಲ್ ಚೆಕ್. ತಪ್ಪಿದ್ದರೆ ಒಂದು ಮಾಮೂಲು ತೊಳೆತ. ಸರಿಯಾಗದಿದ್ದರೆ ಕೆಲವು ಗಂಟೆ ಬಿಟ್ಟು ಮತ್ತೊಂದು. ಆ ಹೊತ್ತಿನಲ್ಲಿ ಒಣಗಿದ ಶಾಯಿ ಹೊಸ ಶಾಯಿಯಲ್ಲಿ ನೆನೆದು ಸಡಿಲವಾಗುತ್ತದೆ, ಗಾಳಿಯ ಗುಳ್ಳೆಗಳೂ ಮೇಲೇರುತ್ತವೆ. ಬೆನ್ನುಬೆನ್ನಿಗೆ ನಾಲ್ಕೈದು ಸಲ ತೊಳೆಸಿದರೆ ಇನ್ನಷ್ಟು ಗಾಳಿ ಎಳೆದುಕೊಂಡು ಮೊದಲಿಗಿಂತ ಹೆಚ್ಚು ಮೆಟ್ಟಿಲು ತಪ್ಪುತ್ತವೆ, ಮೆಂಟೆನೆನ್ಸ್ ಬಾಕ್ಸೂ ತುಂಬುತ್ತದೆ.