ಬೇಟೆಗಾರನ ಕನಸು ದೊಡ್ಡದಿದ್ದರೆ ಸಾಕೇ?

(ಕಳೆದ ಸಂಚಿಕೆಯಲ್ಲಿ ‘ಸ್ಟಾರ್ ಟ್ರೆಕ್: ವಾಯೇಜರ್’ ಎಂಬ ಅಂತರಿಕ್ಷ ಧಾರಾವಾಹಿಯಲ್ಲಿ ಬರುವ ಹಿರೋಜನ್ ಎಂಬ ಅನ್ಯಗ್ರಹದ ಬೇಟೆಗಾರರ ಬಗ್ಗೆ ಒಂದು ಲೇಖನ ಬಂದಿತ್ತು. ಅದನ್ನು ಓದಿ ಸಾಗರದಿಂದ ನಿವೃತ್ತ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಪತ್ರದ ಮುಖ್ಯ ಭಾಗ ಹೀಗಿದೆ: “ಕಾರ್ ಎಂಬ ಆ ನಾಯಕ ಬೇರೆಯವರ ನೌಕೆಯನ್ನು ವಶ ಮಾಡಿಕೊಂಡು, ಒಳಗಿದ್ದವರನ್ನೇ ಬೇಟೆಯಾಡುತ್ತಾನೆ. ಗಾಯ ಮಾಡುತ್ತಾನೆ, ವಾಸಿ ಮಾಡಿಸುತ್ತಾನೆ, ಮತ್ತೆ ಬೇಟೆಯಾಡುತ್ತಾನೆ. ಇಂಥವನನ್ನು ನಿಮ್ಮ ಲೇಖಕರು ದೂರದೃಷ್ಟಿಯ ನಾಯಕ ಅಂದಿದ್ದಾರೆ. ರಾಕ್ಷಸನನ್ನು ರಾಕ್ಷಸ ಅನ್ನೋದಕ್ಕೆ ಏನು ಅಡ್ಡಿ? ಇನ್ನೊಂದು ಮಾತು. ಬೇಟೆಗಾರ ಒಬ್ಬಂಟಿ, ದಂಡು ಕಟ್ಟಿಕೊಂಡು ದಾಳಿ ಮಾಡುವವನು ಬೇರೆ ಜಾತಿ. ಎರಡನ್ನೂ ಒಬ್ಬನಲ್ಲೇ ತುರುಕಿದ್ದು ಕಥೆಗಾರರ ಎಡವಟ್ಟು ಅಲ್ವಾ? ಕೊನೆಯದಾಗಿ, ಒಂಬತ್ತನೇ ಕ್ಲಾಸಿನ ಮೊಮ್ಮಗಳು ಇದನ್ನು ನೋಡಬೇಕು ಅಂತ ಹಟ ಹಿಡಿದಿದ್ದಾಳೆ. ತೋರಿಸಲೋ, ಬೇಡವೋ?”)

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಮೊದಲನೆಯದಕ್ಕೆ ದಾರಿ ಅಲ್ಲಿಂದಲೇ ಸಿಗುತ್ತದೆ.

ಬೇಟೆಗಾರ ಒಬ್ಬಂಟಿ ಅಂದಿರಿ. ಹಿರೋಜನ್ನರ ವಿಷಯದಲ್ಲಿ ಅದು ನೂರಕ್ಕೆ ನೂರು ನಿಜ. 1998ರ ಜನವರಿಯಲ್ಲಿ ಅವರು ಮೊದಲ ಸಲ ತೆರೆಯ ಮೇಲೆ ಬಂದರು. ವಾಯೇಜರ್ ನೌಕೆ ಭೂಮಿಯಿಂದ 70,000 ಜ್ಯೋತಿರ್ವರ್ಷ ದೂರ ಸಿಕ್ಕಿಹಾಕಿಕೊಂಡು ಮನೆಯ ದಾರಿ ಹಿಡಿದಿತ್ತು. ಊರಿಗೆ ಒಂದು ಸುದ್ದಿ ಮುಟ್ಟಿಸಲು ದಾರಿಯಲ್ಲಿ ಸಿಕ್ಕ ಹಳೇ ಸಂಪರ್ಕ ಜಾಲವೊಂದನ್ನು ಬಳಸಿಕೊಂಡಿತು. ಒಂದು ಲಕ್ಷ ವರ್ಷ ಹಳೆಯ ಆ ಜಾಲ ಹಿರೋಜನ್ನರದ್ದು. ಅಂಥ ಜಾಲ ಕೈಯಲ್ಲಿದ್ದೂ ಅವರಿಗೆ ಒಂದು ನೆಲೆ ಇಲ್ಲ. ಇಬ್ಬರು ಇಲ್ಲಿ, ನಾಲ್ವರು ಅಲ್ಲಿ. ಹಿರಿಯನಿಗೆ ಆಲ್ಫಾ ಅಂತಾರೆ, ಅವನ ಕೈಕೆಳಗಿನವನಿಗೆ ಬೀಟಾ. ಅವರ ನೌಕೆಯ ಗೋಡೆಗಳ ಮೇಲೆ ಬೇಟೆಯ ಮೂಳೆಗಳು ನೇತಾಡುತ್ತವೆ. ‘ಹಂಟರ್ಸ್’ ಕಂತಿನಲ್ಲಿ ಒಂದು ಹೆಣ ಸಿಗುತ್ತದೆ. ಅದರೊಳಗೆ ಮೂಳೆ ಇಲ್ಲ, ಮಾಂಸಖಂಡ ಇಲ್ಲ, ಕರುಳು ಇಲ್ಲ. ಎಲ್ಲವನ್ನೂ ಅಚ್ಚುಕಟ್ಟಾಗಿ ತೆಗೆದುಬಿಟ್ಟಿರುತ್ತಾರೆ.

ಕಾರ್ ಬರುವುದು ಇಂಥ ಜನದ ನಡುವಿನಿಂದ. ‘ದ ಕಿಲ್ಲಿಂಗ್ ಗೇಮ್’ ಎಂಬ ಎರಡು ಭಾಗದ ಕಥೆ 1998ರ ಮಾರ್ಚ್ 4ರಂದು ಪ್ರಸಾರವಾಯಿತು. ಅದು ಶುರುವಾಗುವ ಹೊತ್ತಿಗಾಗಲೇ ವಾಯೇಜರ್ ಹಿರೋಜನ್ನರ ಕೈಯಲ್ಲಿದೆ. ಅಂದರೆ ಎಂದೂ ಒಟ್ಟಾಗದವರನ್ನು ಈತ ಒಟ್ಟು ಮಾಡಿದ್ದಾನೆ. ಒಂದೇ ನೌಕೆಯಲ್ಲಿ ಕೂರಿಸಿದ್ದಾನೆ. ಕಾಯಿರಿ ಅಂದಿದ್ದಾನೆ, ಅವರು ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದಾರೆ. ಹಾಗಾಗಿ ಇದು ಕಥೆಗಾರರ ಎಡವಟ್ಟು ಅಂತ ನನಗೆ ಅನ್ನಿಸುವುದಿಲ್ಲ. ಒಬ್ಬಂಟಿಗಳಿಗೆ ದಂಡಿನ ಶಿಸ್ತು ಕಲಿಸಲು ಹೊರಟ ಒಬ್ಬ, ಆ ಶಿಸ್ತು ಎಷ್ಟು ದಿನ ನಿಂತೀತು ಎಂಬ ಆತಂಕ, ಇದೇ ಇಡೀ ಕಥೆಯ ಬೆನ್ನುಮೂಳೆ.

ಅವನಿಗೆ ಈ ಉಸಾಬರಿ ಯಾಕೆ ಬೇಕಿತ್ತು? ತನ್ನ ಜನ ಅಳಿದುಹೋಗುತ್ತಾರೆ ಎಂಬ ಭಯ. ಬೇಟೆಯ ಹಿಂದೆ ಬಿದ್ದು ನಾವು ಆಕಾಶದ ತುಂಬ ಚದುರಿಹೋದೆವು, ನಮಗೀಗ ಒಂದು ಜನಾಂಗ ಅನ್ನಿಸಿಕೊಳ್ಳುವ ಯೋಗ್ಯತೆಯೇ ಇಲ್ಲ, ಸಾವಿರ ವರ್ಷದಿಂದ ನಮ್ಮ ಬದುಕು ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲ ಎಂಬುದು ಅವನ ಕೊರಗು. ಬೇಟೆ ಬಿಡಿ ಅಂದರೆ ಇವರು ಬಿಡುವವರಲ್ಲ. ಹಾಗಾದರೆ ಕುಳಿತಲ್ಲೇ ಬೇಟೆ ಸಿಗುವಂತೆ ಮಾಡಿದರೆ? ಆಗ ಅಲೆದಾಟ ನಿಲ್ಲುತ್ತದೆ, ಒಂದು ಕಡೆ ನೆಲೆ ನಿಲ್ಲಬಹುದು ಎಂಬುದು ಅವನ ಲೆಕ್ಕಾಚಾರ.

ಅದಕ್ಕೆ ಅವನ ಕಣ್ಣು ವಾಯೇಜರ್‌ನ ಹೋಲೋಡೆಕ್ ಮೇಲೆ ಬೀಳುತ್ತದೆ. ನೋಡದವರಿಗಾಗಿ ಹೇಳುತ್ತೇನೆ. ಹೋಲೋಡೆಕ್ ಅಂದರೆ ಬೆಳಕು ಮತ್ತು ಬಲಕ್ಷೇತ್ರಗಳಿಂದ ಯಾವ ಊರನ್ನಾದರೂ, ಯಾವ ಮನುಷ್ಯರನ್ನಾದರೂ ಕಟ್ಟಿ ನಿಲ್ಲಿಸುವ ಕೋಣೆ. ಮುಟ್ಟಿದರೆ ಗೋಡೆ ಗಟ್ಟಿ, ಹೊಡೆದರೆ ಪೆಟ್ಟು. ಸಾಮಾನ್ಯವಾಗಿ ಯಾರಿಗೂ ನಿಜವಾದ ಗಾಯ ಆಗದಂತೆ ಅದರಲ್ಲಿ ರಕ್ಷಣೆ ಇರುತ್ತದೆ. ಕಾರ್ ಅದನ್ನು ತೆಗೆಸುತ್ತಾನೆ. ಸಿಬ್ಬಂದಿಯ ತಲೆಯೊಳಗೆ ಒಂದು ಸಾಧನ ಕೂರಿಸಿ, ತಾವು ಯಾರು ಎಂಬುದನ್ನೇ ಮರೆಸುತ್ತಾನೆ. ಕ್ಯಾಪ್ಟನ್ ಜೇನ್‌ವೇ ಈಗ ನಾಜಿಗಳು ಹಿಡಿದ ಫ್ರಾನ್ಸಿನ ಒಂದು ಸಣ್ಣ ಊರಿನಲ್ಲಿ ಬಾರ್ ನಡೆಸುವ ಕತ್ರೀನ್. ನೌಕೆಯ ಅಧಿಕಾರಿ ಟೂವಾಕ್ ಅಲ್ಲಿ ಮದ್ಯ ಸುರಿಯುವವನು. ಸಿಬ್ಬಂದಿಯಲ್ಲೇ ಒಬ್ಬಳಾದ ಸೆವೆನ್ ಆಫ್ ನೈನ್ ಅಲ್ಲಿನ ಹಾಡುಗಾರ್ತಿ. ಎಲ್ಲರೂ ಗುಟ್ಟಾಗಿ ಜರ್ಮನರ ವಿರುದ್ಧ ಕೆಲಸ ಮಾಡುವವರು. ಬೇಟೆಗಾರರು ಜರ್ಮನ್ ಸಮವಸ್ತ್ರ ತೊಟ್ಟು ಅದೇ ಬಾರಿಗೆ ಬಂದು ಕೂರುತ್ತಾರೆ. ಆಳೆತ್ತರ ಮೀರಿದ ಮೈ, ಹಲ್ಲಿಯ ಚರ್ಮದಂಥ ಮುಖ, ಮೇಲೆ ಇಸ್ತ್ರಿ ಮಾಡಿದ ಅಧಿಕಾರಿಯ ಕೋಟು. ಬಾರಿನಲ್ಲಿರುವ ಯಾರಿಗೂ ಅದು ವಿಚಿತ್ರ ಅನ್ನಿಸುವುದೇ ಇಲ್ಲ. ನೋಡುವ ನಮಗೆ ಮಾತ್ರ ಮೈ ಜುಂ ಅನ್ನುತ್ತದೆ.

ಈಗ ನಿಮ್ಮ ಮೊದಲ ಪ್ರಶ್ನೆ. ಅವನ ಕ್ರೌರ್ಯ.

ಅದರ ಬಗ್ಗೆ ನೀವು ಬರೆದದ್ದರಲ್ಲಿ ಒಂದಕ್ಷರವೂ ಹೆಚ್ಚಿಲ್ಲ. ಮೊದಲ ದೃಶ್ಯದಲ್ಲೇ ಕಾರ್ ಜೇನ್‌ವೇಯನ್ನು ಕತ್ತಿ ಯುದ್ಧದ ಇನ್ನೊಂದು ಆಟದಲ್ಲಿ ಇರಿಯುತ್ತಾನೆ. ಮರುಕ್ಷಣವೇ ಆಕೆಗೆ ಚಿಕಿತ್ಸೆ ಕೊಡಿಸಿ ಅಂತ ಆಜ್ಞೆ ಮಾಡುತ್ತಾನೆ. ಕರುಣೆಯಿಂದಲ್ಲ, ಮತ್ತೆ ಬೇಕು ಅಂತ. ನೌಕೆಯ ಡಾಕ್ಟರ್ ತಾನೇ ಒಂದು ಹೋಲೋಗ್ರಾಮ್, ಅಂದರೆ ಬೆಳಕಿನಿಂದ ಕಟ್ಟಿದ ವ್ಯಕ್ತಿ, ಅವನಿಗೆ ನೆನಪು ಅಳಿಸಿಲ್ಲ. ಬಂದವರನ್ನೆಲ್ಲ ಹೊಲಿದು ಹೊಲಿದು ಕಳಿಸುವುದೇ ಅವನ ಪಾಡು. ವಾಸಿಯಾದವರು ಎದ್ದು ಎಲ್ಲಿಗೆ ಹೋಗುತ್ತಾರೆ ಅಂತ ಅವನಿಗೆ ಚೆನ್ನಾಗಿ ಗೊತ್ತು. ಚಿಕಿತ್ಸೆಯನ್ನೇ ಹಿಂಸೆಯ ಒಂದು ಹಂತ ಮಾಡಿಬಿಡುವುದಿದೆಯಲ್ಲ, ನನಗೆ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವುದು ಅದೇ.

ಆದರೆ ಕಾರ್ ಕ್ರೂರಿ ಎಂಬುದಕ್ಕಿಂತ ದೊಡ್ಡ ತಕರಾರು ನನ್ನದೊಂದಿದೆ. ಅವನು ತನ್ನ ಬೇಟೆಯ ನೇಮವನ್ನೇ ಮುರಿದ.

ಮಹಾಭಾರತದಲ್ಲಿ ಪಾಂಡುರಾಜ ಜಿಂಕೆ ಜೋಡಿಗೆ ಬಾಣ ಬಿಟ್ಟದ್ದನ್ನು ನೀವು ಮಕ್ಕಳಿಗೆ ಎಷ್ಟು ಸಲ ಪಾಠ ಹೇಳಿದ್ದೀರೋ. ಜಿಂಕೆಯ ರೂಪದಲ್ಲಿದ್ದ ಕಿಂದಮ ಋಷಿ ಸಾಯುವಾಗ ‘ಯಾಕೆ ಬೇಟೆಯಾಡಿದೆ’ ಅಂತ ಬೈಯುವುದಿಲ್ಲ. ರಾಜರು ಬೇಟೆಯಾಡುತ್ತಾರೆ ಅಂತ ಒಪ್ಪಿಕೊಳ್ಳುತ್ತಾನೆ. ಕೂಡಿದ ಹೊತ್ತಿನಲ್ಲಿ, ಮೈಮರೆತವರ ಮೇಲೆ ಬಾಣ ಬಿಟ್ಟೆಯಲ್ಲ, ಅದಕ್ಕೇ ಶಾಪ. ಹಿರೋಜನ್ನರಿಗೂ ಅವರದ್ದೇ ಒಂದು ನೇಮ ಇದೆ. ಬೇಟೆ ಚುರುಕಾಗಿರಬೇಕು, ಸರಿಸಾಟಿಯಾಗಿರಬೇಕು, ಅಂಥದ್ದನ್ನು ಹೊಡೆದರೇನೇ ಹೆಮ್ಮೆ. ಆದರೆ ಹೋಲೋಡೆಕ್ಕಿನಲ್ಲಿ ಇರುವ ಬೇಟೆಗೆ ತಾನು ಬೇಟೆ ಎಂಬುದೇ ಗೊತ್ತಿಲ್ಲ. ಕಾರ್ ತನ್ನ ಕೈಕೆಳಗಿನವರಿಗೆ ಹೇಳುವುದು, ಸುಮ್ನೆ ಕೊಲ್ಲಬೇಡಿ, ಈ ಮನುಷ್ಯರನ್ನು ಅಭ್ಯಾಸ ಮಾಡಿ, ಅವರ ಬುದ್ಧಿ ಹೇಗೆ ಓಡುತ್ತದೆ ನೋಡಿ ಅಂತ. ಸರಿ, ಆದರೆ ಅವನು ನೋಡುತ್ತಿರುವುದು ಯಾರನ್ನು? ಜೇನ್‌ವೇಯನ್ನಲ್ಲ. ಅವಳ ನೆನಪು, ಅವಳ ಹುದ್ದೆ, ಅವಳ ಹೊಣೆ ಎಲ್ಲವನ್ನೂ ಕಿತ್ತುಕೊಂಡು ಉಳಿದದ್ದನ್ನು. ಎದುರಾಳಿಯನ್ನು ಮೊದಲು ಬರಿದು ಮಾಡಿ, ಆಮೇಲೆ ಅವಳಿಂದ ಕಲಿಯಲು ಕೂತಿದ್ದಾನೆ.

ಅವಳ ನೆನಪು ಮರಳಿದ ಮೇಲೆ ಏನಾಗುತ್ತದೆ ನೋಡಿ. ಇಬ್ಬರೂ ಎದುರುಬದುರು ನಿಲ್ಲುತ್ತಾರೆ. ಆಗಲೇ ಮೊದಲ ಸಲ ಕಾರ್ ತನ್ನ ಕನಸನ್ನು ಮುಚ್ಚುಮರೆ ಇಲ್ಲದೆ ಬಿಚ್ಚಿಡುತ್ತಾನೆ. ಅವಳು ಅರ್ಥ ಮಾಡಿಕೊಳ್ಳುತ್ತಾಳೆ. ನಿನಗೆ ಬೇಕಾದ ತಂತ್ರಜ್ಞಾನ ಕೊಡುತ್ತೇನೆ, ಯುದ್ಧ ನಿಲ್ಲಿಸು ಅನ್ನುತ್ತಾಳೆ. ಅವನು ಒಪ್ಪುತ್ತಾನೆ. ಅಷ್ಟು ರಕ್ತ ಹರಿಸಿದರೂ ಸಿಗದದ್ದು ಒಂದು ಮಾತುಕತೆಯಲ್ಲಿ ಸಿಕ್ಕಿಬಿಡುತ್ತದೆ. ಮೊದಲೇ ಬಂದು ಕೇಳಬಹುದಿತ್ತು. ಕೇಳುವುದು ಬೇಟೆಗಾರನಿಗೆ ಹೊಳೆಯಲೇ ಇಲ್ಲ. ನಮ್ಮ ಲೇಖಕರು ಇವನನ್ನು ದೂರದೃಷ್ಟಿಯವನು ಅಂದದ್ದು ಸುಳ್ಳಲ್ಲ, ದೂರದ್ದು ಅವನಿಗೆ ನಿಜಕ್ಕೂ ಕಾಣುತ್ತಿತ್ತು. ಎದುರಿಗೆ ನಿಂತವಳು ಕಾಣಲಿಲ್ಲ.

ಅದಕ್ಕೇ ರಾಕ್ಷಸ ಅಂದು ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ, ಮೇಷ್ಟ್ರೇ. 1898ರಲ್ಲಿ ಪುಸ್ತಕವಾಗಿ ಬಂದ ಎಚ್. ಜಿ. ವೆಲ್ಸ್ ಅವರ ‘ದ ವಾರ್ ಆಫ್ ದ ವರ್ಲ್ಡ್ಸ್’ನಲ್ಲಿ ಮಂಗಳ ಗ್ರಹದಿಂದ ಬಂದವರಿಗೆ ಹೆಸರಿಲ್ಲ, ನಾಯಕನಿಲ್ಲ, ಮಾತಿಲ್ಲ. ಅದರ ಮೊದಲ ಅಧ್ಯಾಯದಲ್ಲೇ ವೆಲ್ಸ್, ಟಾಸ್ಮೇನಿಯಾದ ಜನರನ್ನು ಯುರೋಪಿನವರು ಅಳಿಸಿಹಾಕಿದ್ದನ್ನು ನೆನಪಿಸಿ, ಮಂಗಳದವರ ಮೇಲೆ ದೂರು ಹೇಳುವ ಮುಂಚೆ ನಮ್ಮನ್ನು ನೋಡಿಕೊಳ್ಳೋಣ ಅನ್ನುತ್ತಾರೆ. ಅಂಥ ದಾಳಿಕೋರರು ಹೊರಗಿನಿಂದ ಎರಗುವ ವಿಪತ್ತು. ಕಾರ್ ಹಾಗಲ್ಲ. ಅವನಿಗೆ ಕಾರಣ ಇದೆ, ತನ್ನ ಜನದ ಮೇಲೆ ಪ್ರೀತಿ ಇದೆ. ಜಗತ್ತಿನಲ್ಲಿ ದಾಳಿ ಮಾಡಿದವರಲ್ಲಿ ಬಹಳ ಜನ ಹೀಗೇ ಇದ್ದರು. ನಮ್ಮವರ ಉಳಿವಿಗಾಗಿ ಅಂತಲೇ ಹೊರಟವರು.

ಅವನ ಪಕ್ಕದಲ್ಲೇ ಇರುವ ಟುರಾಂಜ್‌ನನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅವನು ಕೈಕೆಳಗಿನ ಬೇಟೆಗಾರ. ಕಾಯುವುದು ಅವನಿಗೆ ಆಗದು. ಸೆವೆನ್ ಆಫ್ ನೈನ್‌ಗೆ ನಿಜವಾದ ನೆನಪು ಮರಳಿದ ಮೇಲೆ ಅವಳ ಎದುರು ನಿಂತು ‘ಹಾಡು’ ಅಂತ ಬೆದರಿಸುತ್ತಾನೆ. ಅವಳು ಹಾಡುವುದಿಲ್ಲ. ಒಂದು ದಿನ ಬೋರ್ಗ್ (ಬೇರೆ ಜನಾಂಗಗಳನ್ನು ಹಿಡಿದು ಅರೆಯಂತ್ರಗಳನ್ನಾಗಿ ಮಾಡಿ ತನ್ನೊಳಗೆ ಸೇರಿಸಿಕೊಳ್ಳುವ ಪಡೆ, ಸೆವೆನ್ ಮೊದಲು ಅದರಲ್ಲೇ ಇದ್ದವಳು) ನಿಮ್ಮ ಜನಾಂಗವನ್ನು ನುಂಗುತ್ತದೆ, ಆಗ ನನ್ನನ್ನು ನೆನಪಿಸಿಕೋ ಎಂಬ ಅರ್ಥದ ಮಾತು ಹೇಳಿ ನಿಲ್ಲುತ್ತಾಳೆ. ಎರಡು ಭಾಗ ಸೇರಿ ನನಗೆ ಅತಿ ಹೆಚ್ಚು ಹಿಡಿಸಿದ ದೃಶ್ಯ ಅದು. ಸಾವು ಮುಂದೆ ನಿಂತಿದ್ದರೂ ದನಿ ಏರಿಸದೆ ಇಲ್ಲ ಅಂದುಬಿಡುವ ಆ ನಿಲುವು.

ಇದೇ ಟುರಾಂಜ್ ಒಬ್ಬ ನಾಜಿ ಅಧಿಕಾರಿಯ ಬಾಯಿಂದ ಜನಾಂಗ ಶ್ರೇಷ್ಠತೆಯ ಭಾಷಣ ಕೇಳುತ್ತಾನೆ. ಆ ಅಧಿಕಾರಿ ಬರೀ ಹೋಲೋಗ್ರಾಮ್. ಬೆಳಕಿನ ಬೊಂಬೆ. ಅದರ ಮಾತು ನಿಜವಾದ ಬೇಟೆಗಾರನ ತಲೆಗೆ ಹತ್ತಿಬಿಡುತ್ತದೆ. ಬೇಟೆಯ ಮೇಲೆ ಬಳಸಲು ತಂದ ಆಟ ಬೇಟೆಗಾರನನ್ನೇ ಹಿಡಿಯುತ್ತದೆ. ಕಾರ್ ಯುದ್ಧ ನಿಲ್ಲಿಸಿ ಅನ್ನುತ್ತಾನೆ, ಟುರಾಂಜ್ ಅವನನ್ನೇ ಗುಂಡಿಟ್ಟು ಕೊಲ್ಲುತ್ತಾನೆ. ಆಮೇಲೆ ಜೇನ್‌ವೇ ಕೈಯಲ್ಲಿ ತಾನೂ ಸಾಯುತ್ತಾನೆ. ಎರಡೂ ಕಡೆ ಸುಸ್ತಾಗಿ ಕದನ ವಿರಾಮ. ಹೊರಡುವಾಗ ಜೇನ್‌ವೇ ಕೊಟ್ಟ ಮಾತಿನಂತೆ ಹೋಲೋಡೆಕ್ ತಂತ್ರದ ಒಂದು ತುಣುಕನ್ನು ಉಳಿದ ಹಿರೋಜನ್ನನ ಕೈಗಿಡುತ್ತಾಳೆ. ಬೇಕಾದರೆ ಬಳಸಿ, ಇಲ್ಲವಾದರೆ ಗೋಡೆಗೆ ತೂಗುಹಾಕಿ ಅಂತ. ಕಾರ್ ಕಂಡ ಕನಸು ನನ್ನದಲ್ಲ, ಬೇರೆಯವರಿಗೆ ಬೇಕಾಗಬಹುದು ಅಂತ ಅವನು ತೆಗೆದುಕೊಳ್ಳುತ್ತಾನೆ.

ನನಗೆ ಸಿಟ್ಟಿರುವುದು ಇಲ್ಲಿ. ದಿನಗಟ್ಟಲೆ ಇರಿತ, ಗುಂಡು, ಕಳೆದುಹೋದ ನೆನಪು, ಇಷ್ಟನ್ನೆಲ್ಲ ಅನುಭವಿಸಿದ ಜನ ಮುಂದಿನ ಕಂತಿನ ಹೊತ್ತಿಗೆ ಎಂದಿನಂತೆ ಕೆಲಸಕ್ಕೆ ಹಾಜರು. ಯಾರಿಗೂ ನಿದ್ದೆಗೆಟ್ಟಂತಿಲ್ಲ, ಯಾರೂ ಡಾಕ್ಟರ್ ಹತ್ತಿರ ಕೂತು ಅತ್ತಂತಿಲ್ಲ. ಆ ಕಾಲದ ಟೀವಿಯಲ್ಲಿ ಒಂದೊಂದು ಕಂತೂ ತನ್ನಷ್ಟಕ್ಕೆ ಮುಗಿಯಬೇಕಿತ್ತು, ಗೊತ್ತು. ಆದರೂ ಬೇಟೆಗಾರನ ಸಂಕಟಕ್ಕೆ ಅಷ್ಟು ಜಾಗ ಕೊಟ್ಟ ಕಥೆ, ಬೇಟೆಯಾದವರ ಸಂಕಟಕ್ಕೆ ಒಂದು ದೃಶ್ಯವನ್ನಾದರೂ ಕೊಡಬೇಕಿತ್ತು. ನಿಮ್ಮ ಪತ್ರದ ಅಸಮಾಧಾನದ ಬೇರು ಇದೇ ಇರಬೇಕು. ಅಷ್ಟರ ಮಟ್ಟಿಗೆ ನಾನು ಪೂರ್ತಿ ನಿಮ್ಮ ಕಡೆ.

ಒಂದು ಲೆಕ್ಕವನ್ನು ಮಾತ್ರ ಧಾರಾವಾಹಿ ಆಮೇಲೆ ತೀರಿಸಿತು. 2000ದ ನವೆಂಬರ್ 29ರಂದು ಬಂದ ‘ಫ್ಲೆಶ್ ಅಂಡ್ ಬ್ಲಡ್’ನಲ್ಲಿ ಆ ತುಣುಕು ಏನಾಯಿತು ಅಂತ ಗೊತ್ತಾಗುತ್ತದೆ. ಹಿರೋಜನ್ನರು ಅದನ್ನು ಬಳಸಿದರು. ಆದರೆ ಸುಲಭದ ಬೇಟೆ ಅವರಿಗೆ ರುಚಿಸಲಿಲ್ಲ. ಹೋಲೋಗ್ರಾಮ್‌ಗಳಿಗೆ ಇನ್ನಷ್ಟು ಜಾಣತನ ತುಂಬಿದರು. ನೋವು ತಿಳಿಯುವಂತೆ ಮಾಡಿದರು. ಸತ್ತದ್ದು, ಮತ್ತೆ ಎದ್ದದ್ದು, ಮತ್ತೆ ಸತ್ತದ್ದು ಎಲ್ಲ ನೆನಪಿರುವ ಆ ಬೊಂಬೆಗಳು ಒಂದು ದಿನ ತಿರುಗಿಬಿದ್ದವು. ಬೇಟೆಗಾರರು ಹೆಣವಾದರು. ಕಾರ್ ಜೇನ್‌ವೇಗೆ ಮಾಡಿದ್ದನ್ನೇ ಅವನ ಜನ ಆ ಹೋಲೋಗ್ರಾಮ್‌ಗಳಿಗೆ ಮಾಡಿದ್ದರು. ಈ ಸಲ ಒಂದೇ ವ್ಯತ್ಯಾಸ, ಬೇಟೆಯ ನೆನಪನ್ನು ಯಾರೂ ಅಳಿಸಿರಲಿಲ್ಲ. ಇಲ್ಲಿ ಜೇನ್‌ವೇಯನ್ನೂ ಕಥೆ ಬಿಡುವುದಿಲ್ಲ, ಕೊಟ್ಟವಳು ಅವಳೇ ಅಲ್ವಾ?

ಇನ್ನು ಮೊಮ್ಮಗಳ ವಿಷಯ. ತೋರಿಸಿ, ಆದರೆ ‘ದ ಕಿಲ್ಲಿಂಗ್ ಗೇಮ್’ನಿಂದ ಶುರು ಮಾಡಬೇಡಿ. ಮೊದಲು ‘ಪ್ರೇ’ ಎಂಬ ಕಂತು. ಅದರಲ್ಲಿ ಗಾಯಗೊಂಡ ಒಬ್ಬ ಆಲ್ಫಾ ಇದ್ದಾನೆ, ಟೋನಿ ಟಾಡ್ ಮಾಡಿದ ಪಾತ್ರ. ದನಿ ಒಂದರಲ್ಲೇ ಹಿರೋಜನ್ನರು ಎಂಥವರು ಅಂತ ಅರ್ಥ ಮಾಡಿಸಿಬಿಡುತ್ತಾರೆ. ಆಮೇಲೆ ಯುರೋಪಿನ ಎರಡನೇ ಮಹಾಯುದ್ಧದ ಪಾಠ ಅವಳಿಗೆ ಕ್ಲಾಸಿನಲ್ಲಿ ಆಗಿದೆಯೇ ಕೇಳಿ. ಆಗಿಲ್ಲದಿದ್ದರೆ ನೀವೇ ಹೇಳಿಕೊಡಿ, ನಿಮಗಿಂತ ಚೆನ್ನಾಗಿ ಯಾರು ಹೇಳಿಯಾರು. ನಾಜಿಗಳು ಯಾರು ಅಂತ ಗೊತ್ತಿಲ್ಲದೆ ನೋಡಿದರೆ ಟುರಾಂಜ್‌ನ ಬದಲಾವಣೆ ಬರೀ ಸಿಟ್ಟಿನಂತೆ ಕಾಣುತ್ತದೆ. ಆಮೇಲೆ ಎರಡೂ ಭಾಗ ಒಟ್ಟಿಗೆ, ನೀವು ಪಕ್ಕದಲ್ಲಿ ಕೂತು. ಡಾಕ್ಟರ್‌ನ ದೃಶ್ಯಗಳಲ್ಲಿ ಅವಳು ಏನಾದರೂ ಕೇಳಿದರೆ ಅಲ್ಲೇ ನಿಲ್ಲಿಸಿ ಮಾತಾಡಿ.

‘ಫ್ಲೆಶ್ ಅಂಡ್ ಬ್ಲಡ್’ನಲ್ಲಿ ಡೋನಿಕ್ ಎಂಬ ಹಿರೋಜನ್ ಹುಡುಗ ಇದ್ದಾನೆ. ಬೇಟೆಗಾರನಲ್ಲ, ತಂತ್ರಜ್ಞ. ಆ ಹೋಲೋಗ್ರಾಮ್‌ಗಳನ್ನು ತಿದ್ದಿದವರಲ್ಲಿ ಅವನೂ ಒಬ್ಬ. ಕೊನೆಗೆ ತನ್ನವರ ಜೊತೆ ಹೋಗದೆ, ಆ ಹೋಲೋಗ್ರಾಮ್‌ಗಳನ್ನು ಸರಿಪಡಿಸಲು ಉಳಿಯುತ್ತಾನೆ. ಅವನು ಮಾಡಿದ್ದಕ್ಕೆ ಅಷ್ಟು ಸಾಕಾಯಿತೇ ಅಂತ ಮೊಮ್ಮಗಳನ್ನು ಕೇಳಿ. ಅವಳು ಹೇಳಿದ್ದನ್ನು ಅವಳ ಕೈಯಲ್ಲೇ ಬರೆಸಿ ಕಳಿಸಿಕೊಡಿ, ಪತ್ರಗಳ ಪುಟದಲ್ಲಿ ಹಾಕುತ್ತೇವೆ.

– ಸಂಪಾದಕ