ಗ್ರೂಪ್ ಫೋಟೋದಲ್ಲಿ ಅಮ್ಮ ಇಲ್ಲ

ಹಿರಿಯರನ್ನು ಭೇಟಿಯಾಗಿ ಮಾತಾಡಿಸಿ ಸಲಹೆ ಕೊಡುವುದು ನನ್ನ ಕೆಲಸ. ತಿಂಗಳಿಗೆ ಎರಡು ಮೂರಾದರೂ ಇಂಥ ಫೋನ್ ಬರುತ್ತವೆ. ಮಾತಾಡುವುದು ಮಗ ಅಥವಾ ಮಗಳು, ಹೆಚ್ಚಿನವರು ಹೊರದೇಶದಿಂದ. "ಮೇಡಂ, ಅಮ್ಮ ಯಾವ ಆಕ್ಟಿವಿಟಿಗೂ ಹೋಗ್ತಿಲ್ಲ. ಟ್ರಿಪ್‌ಗೆ ಕರೆದ್ರೂ ಬರಲ್ಲ ಅಂತಾರಂತೆ. ಡಿಪ್ರೆಶನ್ ಇರಬಹುದಾ?" ನಿಮಗೆ ಹೇಗೆ ಗೊತ್ತಾಯಿತು ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ. ಸೀನಿಯರ್ ಲಿವಿಂಗ್‌ನವರು, ಅಂದರೆ ಹಿರಿಯರ ವಸತಿ ನಡೆಸುವವರು, ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕುತ್ತಾರೆ. ಫೋಟೋದಲ್ಲಿ ಅಮ್ಮ ಇಲ್ಲ.

ಅಂಥ ಪ್ರಕರಣಗಳಲ್ಲಿ ಒಂದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ, ಇದರಲ್ಲಿ ಮೊದಲು ತಪ್ಪು ಸಲಹೆ ಕೊಟ್ಟವಳು ನಾನೇ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಇದು ಯಾರ ಕಥೆಯೋ ಅವರಿಗೇ ಓದಲು ಕೊಟ್ಟು, ಒಪ್ಪಿದ ಮೇಲೆಯೇ ಹಾಕುತ್ತಿದ್ದೇನೆ. ಎರಡು ಕಡೆ ಕಾಗುಣಿತ ತಿದ್ದಿದರು. ಒಂದು ಕಡೆ ‘ವೃದ್ಧೆ’ ಅಂತ ಬರೆದಿದ್ದೆ, ಅದಕ್ಕೆ ಅಡ್ಡಗೆರೆ ಎಳೆದು ಸುಮ್ನೆ ವಾಪಸ್ ಕೊಟ್ಟರು.

ಅವರನ್ನು ಟೀಚರ್ ಅಂತಲೇ ಕರೆಯುತ್ತೇನೆ. ವಯಸ್ಸು 74. ಒಂದು ಕನ್ನಡ ಶಾಲೆಯಲ್ಲಿ 31 ವರ್ಷ ಸಮಾಜ ಪಾಠ ಮಾಡಿದವರು. ಯಜಮಾನರು ತೀರಿಕೊಂಡು ಮೂರು ವರ್ಷವಾಗಿತ್ತು. ಮಗ ಅಮೆರಿಕದಲ್ಲಿ. ಬಸವನಗುಡಿ ಕಡೆಯ ಮನೆಯನ್ನು ಬಾಡಿಗೆಗೆ ಕೊಟ್ಟು, ಕನಕಪುರ ರಸ್ತೆಯ ಸೀನಿಯರ್ ಲಿವಿಂಗ್ ಒಂದಕ್ಕೆ ಬಂದು ಎಂಟು ತಿಂಗಳು. ಬಿಪಿ ಮಾತ್ರೆ ಇದೆ, ಒಂದು ಮಂಡಿ ಆಗಾಗ ನೋಯುತ್ತದೆ.

ಆ ಜಾಗದ ಬಗ್ಗೆ ದೂರುವಂಥದ್ದು ಏನೂ ಇಲ್ಲ. ಹೊತ್ತಿಗೆ ಸರಿಯಾಗಿ ತಿಂಡಿ, ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ, ರಾತ್ರಿ ಹೊತ್ತು ನರ್ಸ್. ನೋಟಿಸ್ ಬೋರ್ಡಿನಲ್ಲಿ ವಾರದ ಪಟ್ಟಿ: ಸೋಮವಾರ ಕುರ್ಚಿಯಲ್ಲಿ ಕೂತು ಮಾಡುವ ಯೋಗ, ಮಂಗಳವಾರ ಹೌಸಿ ಅನ್ನುವ ನಂಬರ್ ಆಟ, ಗುರುವಾರ ಭಜನೆ, ಶನಿವಾರ ಹಳೇ ಚಿತ್ರಗೀತೆ. ತಿಂಗಳಿಗೊಂದು ಟ್ರಿಪ್. ಟೀಚರ್ ಭಜನೆಗೆ ಹೋಗುತ್ತಿದ್ದರು. ಹೌಸಿಗೆ ಒಮ್ಮೆ ಹೋಗಿ ಬಿಟ್ಟರು. ಟ್ರಿಪ್‌ಗೆ ಒಂದು ಸಲವೂ ಇಲ್ಲ.

ಮೊದಲ ಭೇಟಿಯಲ್ಲಿ ಹಿರಿಯರ ಖಿನ್ನತೆಗೆಂದೇ ಇರುವ 15 ಪ್ರಶ್ನೆಗಳ ಪಟ್ಟಿ ಕೇಳಿದೆ. 1986ರಿಂದ ಬಳಕೆಯಲ್ಲಿದೆ, ಹೌದು ಇಲ್ಲ ಅಂದರೆ ಸಾಕು. 5ಕ್ಕಿಂತ ಜಾಸ್ತಿ ಬಂದರೆ ಮುಂದೆ ಸರಿಯಾಗಿ ಪರೀಕ್ಷೆ ಮಾಡಿಸಬೇಕು. ಟೀಚರ್‌ಗೆ ಬಂದಿದ್ದು 3. ಅದರಲ್ಲಿ ಒಂದು ಅಂಕ ಈ ಪ್ರಶ್ನೆಯದು: ಹೊರಗೆ ಹೋಗಿ ಹೊಸದೇನಾದರೂ ಮಾಡುವುದಕ್ಕಿಂತ ಮನೆಯಲ್ಲೇ ಇರುವುದು ನಿಮಗೆ ಇಷ್ಟವೇ? "ಹೌದು" ಅಂದರು. ಸ್ವಲ್ಪ ತಡೆದು, "ಎಲ್ಲಿಗೆ ಹೋಗ್ತೀವಿ ಅನ್ನೋದರ ಮೇಲೆ" ಅಂತ ಸೇರಿಸಿದರು. ಅದನ್ನು ಬರೆಯಲು ಪಟ್ಟಿಯಲ್ಲಿ ಜಾಗವಿಲ್ಲ. ನಾನು ‘ಹೌದು’ಗೆ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋದೆ. ಎಲ್ಲಿಗೆ ಅಂತ ಆಗಲೇ ಕೇಳಿದ್ದರೆ ಈ ಬರಹವೇ ಬೇಕಿರಲಿಲ್ಲ.

ಬದಲಿಗೆ ನಾವೆಲ್ಲ ಹೇಳುವ ಮಾತನ್ನೇ ಹೇಳಿದೆ. "ಒಂದು ಸಲ ಹೋಗಿ ಬನ್ನಿ ಟೀಚರ್. ಇಷ್ಟ ಆಗಲಿಲ್ಲ ಅಂದ್ರೆ ಆಮೇಲೆ ನೋಡೋಣ." ಜನವರಿ ತಿಂಗಳು. ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ಇತ್ತು. ಹೋದರು. ಫೋಟೋ ಬಂತು. ಎರಡನೇ ಸಾಲಿನಲ್ಲಿ ಹಳದಿ ಟೋಪಿ ಹಾಕಿಕೊಂಡು ನಿಂತಿದ್ದರು. ಮಗ ನನಗೆ ಕೈಮುಗಿದ ಚಿಹ್ನೆ ಮೂರು ಸಲ ಕಳಿಸಿದ. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಎರಡು ವಾರ ಬಿಟ್ಟು ಹೋದಾಗ ಟೀಚರ್ ಕಿಟಕಿ ಪಕ್ಕ ಕೂತಿದ್ದರು. ಹಳದಿ ಟೋಪಿ ಮೇಜಿನ ಮೇಲಿತ್ತು, ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಕನ್ನಡಕದ ಡಬ್ಬಿ ಇಟ್ಟಿದ್ದರು.

"ಹೇಗಿತ್ತು?"

"ಹೂವು ಚೆನ್ನಾಗಿತ್ತು."

ಅಷ್ಟು ಹೇಳಿ ಸುಮ್ಮನಾದರು. ನಾನೂ ಸುಮ್ಮನಿದ್ದೆ. ಹೊರಗೆ ಯಾರೋ ಗಿಡಕ್ಕೆ ಪೈಪಿನಲ್ಲಿ ನೀರು ಬಿಡುತ್ತಿದ್ದರು.

"ಎಣಿಸಿದ್ರು" ಅಂದರು.

"ಏನನ್ನ?"

"ನನ್ನನ್ನ. ಲಾಲ್‌ಬಾಗ್ ಗೇಟಲ್ಲಿ ಸಾಲಾಗಿ ನಿಲ್ಲಿಸಿ, ಆ ಹುಡುಗಿ ಪೆನ್ನು ತೋರಿಸ್ತಾ ಎಣಿಸ್ಕೊಂಡು ಬಂದಳು. ಹದಿನೈದು, ಹದಿನಾರು. ನಾನು ಹದಿನೇಳು."

ನನಗೆ ನಗು ಬಂತು. ಅವರು ನಗಲಿಲ್ಲ.

"ನೋಡಮ್ಮ, ಅದೇ ಗೇಟಲ್ಲಿ ಮೂವತ್ತೊಂದು ವರ್ಷ ಮಕ್ಕಳನ್ನ ಎಣಿಸಿದೋಳು ನಾನು. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಹಾಕಿದ್ರು ಅಂತ ಬಾಯಿಪಾಠ ಮಾಡಿಸಿದೋಳು. ಕೆಂಪೇಗೌಡರ ಗೋಪುರ ಇರೋ ಬಂಡೆ ಇದೆಯಲ್ಲ, ಅದರ ಮೇಲೆ ಹತ್ತಿಸಿ, ‘ನೀವು ಕೂತಿರೋ ಕಲ್ಲಿಗೆ ಮುನ್ನೂರು ಕೋಟಿ ವರ್ಷ ಕಣ್ರೋ’ ಅಂದ್ರೆ, ಒಬ್ಬನಾದ್ರೂ ಎದ್ದು ನಿಂತು ಕೂತಿದ್ದ ಜಾಗ ನೋಡ್ತಿದ್ದ. ಮೊನ್ನೆ ಬಂಡೆ ಹತ್ರ ಹೋದೆ. ‘ಅಮ್ಮ, ಹತ್ತಬೇಡಿ, ಇಲ್ಲೇ ಕೂತ್ಕೊಳ್ಳಿ, ಫೋಟೋ ತೆಗೀತೀನಿ’ ಅಂದಳು. ಪಾಪ, ಅವಳದೇನೂ ತಪ್ಪಿಲ್ಲ. ನಾನಾಗಿದ್ರೂ ಹಾಗೇ ಅಂತಿದ್ದೆ. ಎಣಿಸೋದು ಯಾಕೆ ಹೇಳಿ? ಕಳೆದು ಹೋಗಬಾರದು ಅಂತ. ನಾನು ಲಾಲ್‌ಬಾಗಲ್ಲಿ ಕಳೆದು ಹೋಗ್ತೀನಾ?"

ನನಗೆ ಥಟ್ಟನೆ ಒಂದು ಉಪಾಯ ಹೊಳೆಯಿತು. "ಹಾಗಾದ್ರೆ ಮುಂದಿನ ಸಲ ನೀವೇ ಎಣಿಸಿ ಟೀಚರ್. ಜಾಗದ ಬಗ್ಗೆ ಎಲ್ಲರಿಗೂ ನೀವೇ ಹೇಳಿ. ನಾನು ಆ ಹುಡುಗಿ ಹತ್ರ ಮಾತಾಡ್ತೀನಿ."

ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಹೋಂವರ್ಕ್ ಬೇರೆಯವರದ್ದು ನೋಡಿ ಬರೆದವಳನ್ನು ನೋಡುವ ಹಾಗೆ.

"ಗಲಾಟೆ ಮಾಡೋ ಹುಡುಗನ್ನ ಕ್ಲಾಸ್ ಲೀಡರ್ ಮಾಡೋ ಉಪಾಯ ನನಗೂ ಗೊತ್ತಮ್ಮ."

ಆಗ ಕೇಳಿದೆ, ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆಯನ್ನು. "ನಿಮಗೆ ಎಲ್ಲಿಗೆ ಹೋಗಬೇಕು?"

ಎದ್ದು ಬೀರು ತೆಗೆದರು. ಸೀರೆಗಳ ಕೆಳಗಿನಿಂದ ಒಂದು ಸಣ್ಣ ಪರ್ಸ್ ತೆಗೆದರು. ಕಂದು ಬಣ್ಣದ್ದು, ಜಿಪ್ಪಿಗೆ ಪಿನ್ನು ಸಿಕ್ಕಿಸಿದ್ದು. ಹಾಸಿಗೆ ಮೇಲೆ ಸುರಿದರು. ನೂರರ ಎರಡು ನೋಟು, ಹತ್ತರ ಮೂರು, ಉಳಿದಿದ್ದು ನಾಣ್ಯ.

"ಇನ್ನೂರ ನಲವತ್ತು ಇದೆ. ಇಲ್ಲಿಗೆ ಬಂದ ದಿನವೂ ಇನ್ನೂರ ನಲವತ್ತೇ ಇತ್ತು."

ಊಟ, ಲಾಂಡ್ರಿ, ಔಷಧಿ, ಟ್ರಿಪ್ಪಿನ ಖರ್ಚು ಎಲ್ಲ ತಿಂಗಳ ಬಿಲ್ಲಿಗೆ ಸೇರುತ್ತದೆ. ಬಿಲ್ಲು ಮಗನಿಗೆ ಹೋಗುತ್ತದೆ. ಟೀಚರ್‌ಗೆ ಪೆನ್ಷನ್ ಬರುತ್ತದೆ, ಬಂದು ಬ್ಯಾಂಕಿನಲ್ಲೇ ಕೂತಿರುತ್ತದೆ. ಎಂಟು ತಿಂಗಳಿಂದ ಆ ಕೈಯಿಂದ ಒಂದು ರೂಪಾಯಿ ಯಾರ ಕೈಗೂ ಹೋಗಿಲ್ಲ.

"ಗಾಂಧಿ ಬಜಾರಿಗೆ ಹೋಗಬೇಕು. ಅವರೆಕಾಯಿ ಇನ್ನೇನು ಮುಗಿಯೋಕೆ ಬಂತು. ಎರಡು ಕಡೆ ರೇಟು ಕೇಳಬೇಕು. ಮೂಸಿ ನೋಡಬೇಕು. ಸೊಗಡಿಲ್ಲ ಅಂದ್ರೆ ಬೇಡ ಅಂತ ಹೇಳಿ ಮುಂದಕ್ಕೆ ಹೋಗಬೇಕು. ಎರಡು ಬ್ಲೌಸ್ ಪೀಸ್ ಇದೆ, ಹೊಲಿಯೋಕೆ ಕೊಡಬೇಕು. ಸುತ್ತಾಡೋಕೆ ಬೇಡಮ್ಮ ನನಗೆ. ಕೆಲಸದ ಮೇಲೆ ಹೋಗಬೇಕು."

ಕೆಲಸದ ಮೇಲೆ. ಅವತ್ತು ನನ್ನ ನೋಟ್ ಪುಸ್ತಕದಲ್ಲಿ ಒಂದು ಇಡೀ ಸಾಲಿನಲ್ಲಿ ಈ ಮಾತೊಂದನ್ನೇ ಬರೆದುಕೊಂಡೆ. ನಾವು ಹಿರಿಯರಿಗೆ ಹೊರಗೆ ಹೋಗುವ ಅವಕಾಶ ಕೊಡುತ್ತಿದ್ದೇವೆ ಅಂದುಕೊಂಡಿರುತ್ತೇವೆ. ಆದರೆ ಹೊರಗೆ ಹೋಗಲು ಇದ್ದ ಕಾರಣಗಳನ್ನೆಲ್ಲ ಮೊದಲೇ ಕಿತ್ತುಕೊಂಡಿರುತ್ತೇವೆ, ಅದೂ ಅವರ ಅನುಕೂಲಕ್ಕೆ ಅಂತ. ತರಕಾರಿ ತರಬೇಕಿಲ್ಲ, ಕರೆಂಟ್ ಬಿಲ್ ಕಟ್ಟಬೇಕಿಲ್ಲ, ಹಾಲಿನವನ ಜೊತೆ ಜಗಳ ಇಲ್ಲ. ಆಮೇಲೆ ಖಾಲಿಯಾದ ಜಾಗಕ್ಕೆ ಟ್ರಿಪ್ ತುಂಬುತ್ತೇವೆ. ಟ್ರಿಪ್ಪಿನಲ್ಲಿ ನೋಡುವುದು ಬಿಟ್ಟು ಬೇರೆ ಏನೂ ಇಲ್ಲ. ನೀವು ಹೋಗಲಿಲ್ಲ ಅಂದರೂ ಲಾಲ್‌ಬಾಗಿಗೆ ಏನೂ ಆಗುವುದಿಲ್ಲ. ಅವರೆಕಾಯಿ ಹಾಗಲ್ಲ. ನೀವು ಹೋಗದಿದ್ದರೆ ಅವತ್ತು ಹುಳಿಗೆ ಅವರೆಕಾಳಿಲ್ಲ.

ಮಗನಿಗೆ ಹೇಳಿದ್ದು ಎರಡೇ ಮಾತು. ತಿಂಗಳಿಗೆ ಇಷ್ಟು ಅಂತ ಅಮ್ಮನ ಪೆನ್ಷನ್‌ನಿಂದಲೇ ಅಮ್ಮನ ಕೈಗೆ ನಗದು ಸಿಗುವ ಹಾಗೆ ಮಾಡಿ, ಲೆಕ್ಕ ಕೇಳಬೇಡಿ. ಫೋಟೋ ನೋಡಿ ಅಮ್ಮನ ಮನಸ್ಸು ಅಳೆಯಬೇಡಿ. "ಏನು ತಗೊಂಡು ಬಂದೆ, ಎಷ್ಟಕ್ಕೆ ಕೊಟ್ಟ" ಅಂತ ಕೇಳಿ, ಅರ್ಧ ಗಂಟೆ ಮಾತಾಡುತ್ತಾರೆ. ಆತ ಒಳ್ಳೆಯ ಹುಡುಗ, ಒಪ್ಪಿಕೊಂಡ. ಆದರೆ "ಒಬ್ಬರೇ ಹೋಗೋದು ಬೇಡ ಮೇಡಂ" ಅಂದ.

ಮ್ಯಾನೇಜರ್ ಸುಲಭಕ್ಕೆ ಒಪ್ಪಲಿಲ್ಲ. "ಬಿದ್ದರೆ ಯಾರು ಹೊಣೆ?" ಅಂದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಎಷ್ಟೋ ಜನ ಮೊದಲಿನ ಹಾಗೆ ನಡೆಯುವುದೇ ಇಲ್ಲ. ಆದರೆ ಬೀಳುವುದು ಬಜಾರಿನಲ್ಲಿ ಮಾತ್ರ ಅಲ್ಲ, ಬಚ್ಚಲಲ್ಲೂ ಬೀಳುತ್ತಾರೆ, ಮಂಚದಿಂದ ಏಳುವಾಗಲೂ ಬೀಳುತ್ತಾರೆ. ಕೂತೇ ಇದ್ದರೆ ಕಾಲಿನ ಶಕ್ತಿ ಹೋಗಿ ಇನ್ನೂ ಬೇಗ ಬೀಳುತ್ತಾರೆ. ಹೊರಗೆ ಹೋಗಲು ಅವರ ಫಾರಂನಲ್ಲಿ ಮಕ್ಕಳ ಸಹಿಗೆ ಒಂದು ಗೆರೆ ಇತ್ತು, ಹೋಗುವವರ ಸಹಿಗೆ ಗೆರೆಯೇ ಇರಲಿಲ್ಲ. ಅದನ್ನು ಹಿಡಿದು ನಾನು ಸ್ವಲ್ಪ ಜೋರಾಗಿಯೇ ಮಾತಾಡಿದೆ. 74 ವರ್ಷದ, ಬುದ್ಧಿ ನೆಟ್ಟಗಿರುವ ಹೆಂಗಸು ತರಕಾರಿ ತರಲು ಅಮೆರಿಕದಿಂದ ಒಪ್ಪಿಗೆ ಬರಬೇಕಾ?

ಕೊನೆಗೆ ತೀರ್ಮಾನವಾಗಿದ್ದು ಇಷ್ಟು. ಬುಧವಾರ, ಆಫೀಸಿನವರ ನೂಕುನುಗ್ಗಲು ಕಳೆದ ಮೇಲೆ. ಮೆಟ್ರೋದ ಹಸಿರು ಲೈನಿನಲ್ಲಿ ನ್ಯಾಷನಲ್ ಕಾಲೇಜ್ ಸ್ಟೇಷನ್ ತನಕ, ಎರಡೂ ಕಡೆ ಲಿಫ್ಟಿನಲ್ಲಿ. ಅಲ್ಲಿಂದ ಆಟೋ. ಜೊತೆಗೆ ಅಲ್ಲಿನ ಆಯಾ ಒಬ್ಬರು ಮಾತ್ರ. ಆಕೆ ಪಕ್ಕದಲ್ಲಿ ನಡೆಯಬೇಕು, ಕೇಳದೆ ತೋಳು ಹಿಡಿಯಬಾರದು, ರೇಟು ಕೇಳುವಾಗ ಮಧ್ಯೆ ಬಾಯಿ ಹಾಕಬಾರದು. ಕೊನೆಯ ಎರಡು ಷರತ್ತು ಟೀಚರ್‌ದು. ಪರ್ಸಿನಲ್ಲಿ ಮಾತ್ರೆಗಳ ಹೆಸರು ಮತ್ತು ಎರಡು ಫೋನ್ ನಂಬರ್ ಬರೆದ ಚೀಟಿ. ಒಂದು ಮಗನದು, ಇನ್ನೊಂದು ನನ್ನದು.

ಇದನ್ನು ಓದಿ, ಟ್ರಿಪ್ ಬೇಡ ಅಂದವರಿಗೆಲ್ಲ ಕೈಚೀಲ ಕೊಟ್ಟು ಕಳಿಸಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ನನ್ನ ಗೆಳತಿಯೊಬ್ಬಳು, ಅವಳೂ ಇದೇ ಕೆಲಸದವಳು, "ಒಂದು ಕೇಸ್ ಹಿಡ್ಕೊಂಡು ಭಾಷಣ ಮಾಡ್ತೀಯ" ಅಂತ ಬೈದಳು. ಅವಳು ಹೇಳಿದ್ದರಲ್ಲಿ ಅರ್ಧ ಸರಿ. ಎಷ್ಟೋ ಹಿರಿಯರು ಬಸ್ಸು ಹತ್ತದಿರುವುದು ದಾರಿಯಲ್ಲಿ ಶೌಚಾಲಯ ಸಿಗುತ್ತದೋ ಇಲ್ಲವೋ ಅನ್ನುವ ಭಯಕ್ಕೆ. ಬಿಪಿಗೆ ನೀರಿನ ಮಾತ್ರೆ, ಅಂದರೆ ಮೂತ್ರ ಜಾಸ್ತಿ ಹೋಗಿಸುವ ಮಾತ್ರೆ ತಗೊಳ್ಳುವವರಿಗೆ ಬೆಳಗ್ಗೆ ಹೊತ್ತು ಇದು ಜಾಸ್ತಿ. ಬಾಯಿಬಿಟ್ಟು ಹೇಳಲು ನಾಚಿಕೆ, ಅದಕ್ಕೆ ಮಂಡಿ ನೋವು ಅನ್ನುತ್ತಾರೆ. ಕೆಲವರಿಗೆ ಕಿವಿ ಮಂದ, ಗುಂಪಿನಲ್ಲಿ ಏನೂ ಕೇಳಿಸುವುದಿಲ್ಲ, ಕೇಳಿಸಿದ ಹಾಗೆ ನಕ್ಕು ನಕ್ಕು ಸುಸ್ತಾಗುತ್ತಾರೆ. ದಾರಿ, ಹೆಸರು ಮರೆಯಲು ಶುರುವಾದವರು ಅದನ್ನು ಮುಚ್ಚಿಡಲು ರೂಮು ಬಿಡುವುದಿಲ್ಲ. ಮತ್ತೆ ನಿಜವಾದ ಖಿನ್ನತೆಯೂ ಇರುತ್ತದೆ. ನಿದ್ದೆ ಕೆಟ್ಟಿದ್ದರೆ, ಊಟ ಸೇರದೆ ತೂಕ ಇಳಿದಿದ್ದರೆ, ಇಷ್ಟವಾಗಿದ್ದ ಕಾಫಿಯೂ ಬೇಡವಾಗಿದ್ದರೆ, ‘ನಾನಿದ್ದು ಏನು ಪ್ರಯೋಜನ’ ಅನ್ನುತ್ತಿದ್ದರೆ, ಗಾಂಧಿ ಬಜಾರ್ ಆಮೇಲೆ, ಡಾಕ್ಟರ್ ಮೊದಲು. ಯಾರಿಗೆ ಕೇಳಬೇಕು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ.

ಗೆಳತಿಯ ಉಳಿದರ್ಧ ಮಾತನ್ನು ನಾನು ಒಪ್ಪುವುದಿಲ್ಲ. ಬರಲ್ಲ ಅನ್ನುವುದಕ್ಕೆ ಕಾರಣ ಯಾವುದೇ ಇರಲಿ, ಎಲ್ಲಿಗೆ ಹೋಗಬೇಕು ಅಂತ ಕೇಳದೆ ಅದು ಹೊರಗೆ ಬರುವುದಿಲ್ಲ. ‘ಯಾಕೆ ಬರಲ್ಲ’ ಅಂತಲೇ ಎಲ್ಲರೂ ಕೇಳುವುದು. ಆ ಪ್ರಶ್ನೆಗೆ ಎಲ್ಲರ ಹತ್ತಿರವೂ ಒಂದು ಮಂಡಿ ನೋವು ರೆಡಿ ಇರುತ್ತದೆ.

ಮೊದಲ ಬುಧವಾರ ಟೀಚರ್ ಮೂರು ಕೆಜಿ ಅವರೆಕಾಯಿ ತಂದರು. ಬಿಡಿಸಿ, ರಾತ್ರಿ ಕಾಳು ನೆನೆಹಾಕಿ, ಬೆಳಗ್ಗೆ ಊಟದ ಹಾಲಿನ ಮೂಲೆಯ ಮೇಜಿನಲ್ಲಿ ಹಿತಕಲು ಕೂತರು. ಹಿತಕಬೇಳೆ ಒಬ್ಬರ ಕೈಯಲ್ಲಿ ಮುಗಿಯುವ ಕೆಲಸ ಅಲ್ಲ. ಮೊದಲು ಪಕ್ಕದ ರೂಮಿನವರು ಬಂದು ಕೂತರು, ಆಮೇಲೆ ಇನ್ನಿಬ್ಬರು. ಹೌಸಿಗೂ ಬಾರದ ಒಬ್ಬ ರಿಟೈರ್ಡ್ ಎಂಜಿನಿಯರ್ ಬಂದು, ಹೆಬ್ಬೆರಳಲ್ಲಿ ಹೇಗೆ ಒತ್ತಿದರೆ ಬೇಳೆ ಹಾರುವುದಿಲ್ಲ ಅಂತ ಪಾಠ ಶುರು ಮಾಡಿದರಂತೆ. ಅವರ ಬೇಳೆಯೇ ಜಾಸ್ತಿ ಹಾರಿತು ಅಂತ ಟೀಚರ್ ಹೇಳಿದರು. ಅಡುಗೆಮನೆಯವರಿಗೆ ಸಿಪ್ಪೆ ಗುಡಿಸುವ ಕೆಲಸ ಬಿತ್ತು ಅಂತ ಮ್ಯಾನೇಜರ್ ನನಗೆ ಫೋನ್ ಮಾಡಿ ಗೊಣಗಿದರು. ಗೊಣಗಿ, ಸಾರು ಚೆನ್ನಾಗಿತ್ತು ಅಂದರು.

ಮೂರನೇ ಬುಧವಾರ ತೀರ್ಮಾನ ಮುರಿಯಿತು. ಬರುವಾಗ ಮೆಟ್ರೋ ಬಿಟ್ಟು ಬಿಎಂಟಿಸಿ ಬಸ್ಸು ಹತ್ತಿದ್ದಾರೆ. 2023ರ ಜೂನ್‌ನಿಂದ ಹೆಂಗಸರಿಗೆ ಫ್ರೀ ಇದೆ, ಇಲ್ಲಿಗೆ ಬಂದ ಮೇಲೆ ಒಂದು ಸಲವೂ ಹತ್ತಿಲ್ಲ, ಅದಕ್ಕೆ ಅಂದರು. ಬಸ್ಸಿನ ಮೆಟ್ಟಿಲು ಎಷ್ಟು ಎತ್ತರ ಅಂತ ಆಯಾ ನನ್ನ ಹತ್ತಿರ ಕೈಯಲ್ಲಿ ಅಳೆದು ತೋರಿಸಿದಳು. ಮ್ಯಾನೇಜರ್‌ಗೆ ಹೇಳಬೇಕಾ ಬೇಡವಾ ಅಂತ ನಾನು ಎರಡು ದಿನ ಯೋಚಿಸಿ, ಹೇಳಲಿಲ್ಲ. ಅದು ಸರಿಯಾ ಅಂತ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ.

ವಾಪಸ್ ಬಂದ ಮೇಲೆ ಒಂದು ಮಿಸ್ ಕಾಲ್ ಕೊಡಿ ಅಂತ ಟೀಚರ್‌ಗೆ ಕೇಳಿಕೊಂಡಿದ್ದೇನೆ. ಬುಧವಾರ ಹನ್ನೊಂದರಿಂದ ಎರಡರ ತನಕ, ಎದುರಿಗೆ ಯಾರೇ ಕೂತಿದ್ದರೂ, ಫೋನು ಮೇಜಿನ ಮೇಲೇ ಇರುತ್ತದೆ. ಮಿಸ್ ಕಾಲ್ ಕೊಡುವುದನ್ನು ಅವರು ಮರೆಯುತ್ತಾರೆ. ಅಥವಾ ಮರೆತ ಹಾಗೆ ಮಾಡುತ್ತಾರೆ.